ರೈಟರ್ ಅನಂತರಾಜ ಹ್ಯಾಮ್ ಬೇಯಿಸಿದ್ದು

ಬಂಗಲೆಯ ತಗಡಿನ ಮಾಡಿನ ಮೇಲೆ ಸಿಲ್ವರ್ ಮರದ ಒಣ ಕೊಂಬೆಯೊಂದು ಮುರಿದು ಬಿತ್ತು. ನಡೆದದ್ದು ಅಷ್ಟೇ. ಆದರೆ ಹತ್ತಿರದ ಪುಲ್ಪಳ್ಳಿಯಲ್ಲಿ ನಕ್ಸಲರು ಪೊಲೀಸ್ ಕ್ಯಾಂಪಿಗೆ ನುಗ್ಗಿದ ಗಲಾಟೆ ನಡೆದು ಆಗಷ್ಟೇ ಒಂದು ತಿಂಗಳಾಗಿತ್ತು. ಕ್ರಿಸ್‌ಮಸ್ಸಿನ ಬೆಳಿಗ್ಗೆ ಆರು ಗಂಟೆಗೆ ಆ ಸದ್ದು ಕೇಳಿದ ಅಡುಗೆಯ ಕುಂಞಿರಾಮನ್ ಬಾಂಬು ಬಿತ್ತೆಂದೇ ತಿಳಿದ. ಕೈಯಲ್ಲಿದ್ದ ಸೌಟನ್ನೂ ಕೆಳಗಿಡದೆ ಓಡಿ, ಮೊದಲ ಬಸ್ಸು ಹತ್ತಿ, ಕೋಳಿಕ್ಕೋಡಿನ ತನ್ನ ಮನೆಗೆ ಹೊರಟುಹೋದ.

ಅವನ ಹಿಂದೆ ಉಳಿದದ್ದು ಹಂಡೆಯ ನೀರಿನಲ್ಲಿ ರಾತ್ರಿಯಿಂದ ನೆನೆಯುತ್ತಿದ್ದ ಒಂದು ಹ್ಯಾಮ್. ಉಪ್ಪು ಹಾಕಿ ಹೊಗೆಯಲ್ಲಿ ಒಣಗಿಸಿದ, ಹಂದಿಯ ಇಡೀ ತೊಡೆ. ಎಸ್ಟೇಟಿನ ಮ್ಯಾನೇಜರ್ ಕುರುವಿಳ ಸಾಹೇಬರಿಗೆ ಊಟಿಯ ಗೆಳೆಯರೊಬ್ಬರು ಕಳಿಸಿದ್ದು. ಕಂಪನಿಯ ಡೈರೆಕ್ಟರು ಅಂದು ಮಧ್ಯಾಹ್ನ ಊಟಕ್ಕೆ ಬರುವವರಿದ್ದರು. ಅವರನ್ನು ಹ್ಯಾಮಿನಿಂದ ಒಲಿಸಿಕೊಂಡು ಈ ಭಯದ ಸೀಮೆಯಿಂದ ಕೊಚ್ಚಿಗೆ ವರ್ಗ ಮಾಡಿಸಿಕೊಳ್ಳಬೇಕೆಂದು ಕುರುವಿಳ ಎರಡು ವಾರದಿಂದ ಲೆಕ್ಕ ಹಾಕುತ್ತಿದ್ದರು.

ಏಳು ಗಂಟೆಗೆ ರೈಟರ್ ಅನಂತರಾಜನಿಗೆ ಕರೆ ಬಂತು. ಕೂಲಿಯವರ ಹಾಜರಿ ಬರೆಯುವುದು ಅವನ ಕೆಲಸ. ಕ್ರಿಸ್‌ಮಸ್ಸಿನ ರಜೆಯ ದಿನವೂ ಹಾಜರಿ ಬರೆಯಬೇಕೇನೋ ಎಂದುಕೊಂಡು ಬಂದವನ ಕೈಗೆ ಕುರುವಿಳ ದಪ್ಪನೆಯ ಇಂಗ್ಲಿಷ್ ಅಡುಗೆ ಪುಸ್ತಕವೊಂದನ್ನು ಕೊಟ್ಟರು.

ಅನಂತರಾಜ ಒಮ್ಮೆ ಹಂಡೆಯನ್ನು ನೋಡಿದ, ಒಮ್ಮೆ ಪುಸ್ತಕವನ್ನು ನೋಡಿದ. ಅವನದು ಮೈಸೂರು ಕಡೆಯಿಂದ ಬಂದು ತಲೆಮಾರುಗಳಿಂದ ಇಲ್ಲೇ ನೆಲೆನಿಂತ ಜೈನರ ಮನೆ. ಈರುಳ್ಳಿ ಬೆಳ್ಳುಳ್ಳಿ ಒಳಗೆ ಬಾರದು, ಸೂರ್ಯ ಮುಳುಗಿದ ಮೇಲೆ ಊಟವಿಲ್ಲ, ನೀರನ್ನೂ ಬಟ್ಟೆಯಲ್ಲಿ ಸೋಸಿಯೇ ಕುಡಿಯುವುದು. ತನ್ನಿಂದಾಗದು ಎಂದು ಅವನು ಮೆಲ್ಲಗೆ ಹೇಳಿಕೊಂಡ. ಕುರುವಿಳ ಸಿಟ್ಟಾಗಲಿಲ್ಲ. ನೀನು ಮುಟ್ಟುವುದೂ ಬೇಡ, ತಿನ್ನುವುದೂ ಬೇಡ, ಬೊಮ್ಮಿ ಮಾಡುತ್ತಾಳೆ, ನೀನು ಬಾಗಿಲಲ್ಲಿ ನಿಂತು ಓದಿ ಹೇಳಿದರೆ ಸಾಕು ಎಂದರು. ಎಸ್ಟೇಟಿನ ಕೆಲಸದವರಲ್ಲಿ ಇಂಗ್ಲಿಷ್ ಓದಬಲ್ಲವನು ಅವನೊಬ್ಬನೇ ಎಂಬುದನ್ನು ನೆನಪಿಸಿದರು. ರೈಟರ್ ಕೆಲಸಕ್ಕೆ ಅರ್ಜಿ ಹಾಕಿದವರು ಬೇರೆ ಇಬ್ಬರಿದ್ದಾರೆ ಎಂಬುದನ್ನೂ ನೆನಪಿಸಿ, ಹೆಂಡತಿಯನ್ನು ಜೀಪಿನಲ್ಲಿ ಕೂರಿಸಿಕೊಂಡು ಕಲ್ಪೆಟ್ಟದ ಇಗರ್ಜಿಗೆ ಹೊರಟರು.

ಬೊಮ್ಮಿ ಎಸ್ಟೇಟಿನ ಅಂಚಿನ ಕಾಡುಹಾಡಿಯವಳು. ಬಂಗಲೆಯಲ್ಲಿ ಪಾತ್ರೆ ತೊಳೆದು, ಸೌದೆ ಒಟ್ಟುತ್ತಿದ್ದಳು. ಅವಳಿಗೆ ಯಾವ ಗಾಬರಿಯೂ ಇರಲಿಲ್ಲ. ತೊಡೆಯನ್ನು ಹಂಡೆಯಿಂದೆತ್ತಿ ಬೇರೆ ನೀರಿಗೆ ಹಾಕಿ, ಒಲೆಗೆ ಬೆಂಕಿ ಮಾಡಿದಳು. ಅನಂತರಾಜ ಕರವಸ್ತ್ರದಲ್ಲಿ ಕರ್ಪೂರ ಕಟ್ಟಿ ಮೂಗಿಗೆ ಹಿಡಿದು, ಹೊಸ್ತಿಲ ಹೊರಗೆ ನಿಂತು, ನ್ಯಾಯಾಲಯದ ಸಮನ್ಸು ಓದುವ ದನಿಯಲ್ಲಿ ಓದತೊಡಗಿದ.

ಸಣ್ಣ ಉರಿಯಲ್ಲಿ ನಾಲ್ಕು ಗಂಟೆ ಬೇಯಿಸಬೇಕು ಎಂಬಲ್ಲಿಯವರೆಗೆ ತೊಂದರೆ ಇರಲಿಲ್ಲ. ಮುಂದೆ, ಚರ್ಮ ಸುಲಿದು ಕೊಬ್ಬನ್ನು ‘ಸ್ಕೋರ್’ ಮಾಡಬೇಕು ಎಂದಿತ್ತು. ಸ್ಕೋರ್ ಎಂದರೆ ರೇಡಿಯೋದಲ್ಲಿ ಹೇಳುವ ಕ್ರಿಕೆಟ್ಟಿನ ರನ್ನು ಎಂದಷ್ಟೇ ಅವನಿಗೆ ಗೊತ್ತು. ಹಂದಿ ಎಷ್ಟು ರನ್ನು ಹೊಡೆಯಬೇಕೆಂಬುದು ಬರೆದಿರಲಿಲ್ಲ. ಪುಣ್ಯಕ್ಕೆ ಪಕ್ಕದಲ್ಲಿ ಚಿತ್ರವಿತ್ತು. ಅದನ್ನು ನೋಡಿದ ಬೊಮ್ಮಿ ಚಾಕುವಿನಿಂದ ಮೇಲೆಲ್ಲ ಚೌಕುಳಿ ಗೀರು ಹಾಕುವುದು ತಾನೇ ಎಂದಳು. ಆಮೇಲೆ ‘ಗ್ಲೇಜ್’ ಬಂತು. ಮದುವೆ ಚಪ್ಪರಕ್ಕೆ ಅಂಟಿಸುವ ಗ್ಲೇಜ್ ಕಾಗದ ಅವನಿಗೆ ಗೊತ್ತಿತ್ತು. ಅದನ್ನು ಈ ತೊಡೆಗೇಕೆ ಅಂಟಿಸುತ್ತಾರೆಂದು ತಿಳಿಯದೆ ಎರಡು ಸಾಲು ಮುಂದೆ ಓದಿದಾಗ ಜೇನುತುಪ್ಪ, ಬೆಲ್ಲ, ಸಾಸಿವೆ ಕಲಸಿ ಹಚ್ಚಿ, ಹೊಳಪು ಬರುವವರೆಗೆ ಸುಡಬೇಕು ಎಂದಿತ್ತು.

“ಜೇನು ಹಚ್ಚಿ ಸುಡೋದಾ,” ಎಂದಳು ಬೊಮ್ಮಿ. “ಅದಕ್ಕೆ ಇಷ್ಟು ದಪ್ಪ ಪುಸ್ತಕ ಯಾಕೆ ರೈಟರೇ? ನನ್ನ ಕೇಳಿದ್ರೆ ಹೇಳ್ತಿದ್ದೆ.”

ಅಷ್ಟರಲ್ಲಿ ಪಹರೆಯ ವೇಲಾಯುಧನ್ ಸುದ್ದಿ ಹೊತ್ತು ಬಂದ. ಅವನು ಗಂಟೆಗೊಮ್ಮೆ ಬಂದು, ಗಂಟೆಗೊಂದು ಸುದ್ದಿ ಹೇಳಿ ಹೋಗುತ್ತಿದ್ದ. ಒಂಬತ್ತಕ್ಕೆ ಚೇಕಾಡಿಯ ಗದ್ದೆಯಲ್ಲಿ ನಾಲ್ಕು ಜನ ನಕ್ಸಲರನ್ನು ಕಂಡರಂತೆ. ಹತ್ತಕ್ಕೆ ಆ ನಾಲ್ವರು ನಲವತ್ತಾಗಿದ್ದರು. ಹನ್ನೊಂದಕ್ಕೆ ಅವರು ಯಾರನ್ನು ಹುಡುಕುತ್ತಿದ್ದಾರೆಂಬುದೂ ಗೊತ್ತಾಯಿತು. ಎಸ್ಟೇಟಿನ ರೈಟರುಗಳನ್ನು. ತಡವಾಗಿ ಬಂದವರಿಗೆ ಅರ್ಧ ದಿನ ಬರೆಯುವ ಕೈಯನ್ನೇ ಅವರು ಮೊದಲು ಕೇಳುತ್ತಾರಂತೆ.

ಅನಂತರಾಜ ತನ್ನ ಬಲಗೈಯನ್ನು ಪುಸ್ತಕದ ಕೆಳಗೆ ಮುಚ್ಚಿಟ್ಟುಕೊಂಡ. ಹೋದ ವಾರವಷ್ಟೇ ಬೊಮ್ಮಿಗೆ ಅರ್ಧ ದಿನ ಬರೆದಿದ್ದ. ಅವಳು ಈಗ ಉದ್ದನೆಯ ಚಾಕು ಮಸೆಯುತ್ತಿದ್ದಳು. ಮಗುವಿಗೆ ಜ್ವರವಿದ್ದದ್ದು ತನಗೆ ಗೊತ್ತಿರಲಿಲ್ಲ ಎಂದು ಅವನು ಯಾರೂ ಕೇಳದೆಯೇ ವಿವರಿಸಿದ. ಬೊಮ್ಮಿ ತಲೆಯೆತ್ತದೆ, ಅವತ್ತೇ ಹೇಳಿದ್ದೆನಲ್ಲ ಎಂದಳು. ಆಮೇಲೆ ತೊಡೆಗೆ ಲವಂಗ ಚುಚ್ಚತೊಡಗಿದಳು. ಒಂದೊಂದು ಲವಂಗ ಒಳಗೆ ಇಳಿದಾಗಲೂ ಅನಂತರಾಜನಿಗೆ ತನ್ನ ತೊಡೆಯಲ್ಲೇ ಏನೋ ಚುರುಕ್ಕೆಂದಂತಾಯಿತು.

ಹನ್ನೆರಡೂವರೆಗೆ ಗೇಟಿನಲ್ಲಿ ಕಂಡವರು ನಕ್ಸಲರಲ್ಲ. ಅವನ ಮಾವ ಪದ್ಮಪ್ಪ. ಊರಿನ ಬಸದಿಯ ಮುಕ್ತೇಸರರು. ಗಂಡ ಬೆಳಿಗ್ಗೆಯಿಂದ ಮನೆಗೆ ಬಂದಿಲ್ಲವೆಂದು ಅನಂತರಾಜನ ಹೆಂಡತಿ ಜಯಮ್ಮ ಹೆದರಿ, ಅಪ್ಪನ ಕೈಯಲ್ಲಿ ಬುತ್ತಿ ಕಳಿಸಿದ್ದಳು. ಅನಂತರಾಜನಿಗೆ ಅಷ್ಟು ಹೊತ್ತಿನವರೆಗೆ ಇದ್ದ ಭಯವೆಲ್ಲ ಈ ಭಯದ ಮುಂದೆ ಆಟಿಕೆಯಾಯಿತು. ಓಡಿಹೋಗಿ ಅಂಗಳದಲ್ಲೇ ಅಡ್ಡ ನಿಂತ.

ಅದೇ ಹೊತ್ತಿಗೆ ಬೊಮ್ಮಿ ಕಬ್ಬಿಣದ ಒಲೆಯ ಬಾಗಿಲು ತೆಗೆದು ಎರಡನೇ ಸಲ ಜೇನು ಹಚ್ಚಿದಳು. ಬೆಲ್ಲ, ಲವಂಗ, ಕಾಡುಜೇನು ಕುದಿದ ಪರಿಮಳ ಅಂಗಳವನ್ನೆಲ್ಲ ತುಂಬಿತು. ಪದ್ಮಪ್ಪನವರು ಕಣ್ಣು ಮುಚ್ಚಿ ಉಸಿರೆಳೆದುಕೊಂಡರು. ಇಷ್ಟು ಒಳ್ಳೆಯ ಪರಿಮಳವನ್ನು ಈಚೆಗೆ ಕಂಡಿಲ್ಲವೆಂದರು. ಯಾರು ಮಾಡುತ್ತಿದ್ದಾರೋ ನೋಡಿ, ಹದ ಕೇಳಿಕೊಂಡು ಹೋಗುತ್ತೇನೆಂದು ಒಳಗೆ ಹೆಜ್ಜೆಯಿಟ್ಟೇಬಿಟ್ಟರು.

“ಮಾವ, ಹೋಗ್ಬೇಡಿ,” ಎಂದ ಅನಂತರಾಜ. ಯಾಕೆಂದು ಹೇಳಲು ಏನೂ ಹೊಳೆಯದೆ, ನಾಲಿಗೆಗೆ ಬಂದದ್ದನ್ನು ಹೇಳಿದ. “ಕೆರೆ ಹತ್ರ ನಕ್ಸಲರನ್ನ ನೋಡಿದೆ. ಮೂರು ಜನ. ನೀವು ಈಗಲೇ ಹೊರಡಿ.”

ಪದ್ಮಪ್ಪನವರ ಮುಖ ಸುಣ್ಣವಾಯಿತು. ಬುತ್ತಿಯನ್ನು ಅಳಿಯನ ಕೈಯಲ್ಲಿಟ್ಟು, ಪಂಚೆ ಎತ್ತಿ ಕಟ್ಟಿ, ಎಪ್ಪತ್ತರ ವಯಸ್ಸಿಗೆ ಒಪ್ಪದ ವೇಗದಲ್ಲಿ ಇಳಿಜಾರು ಇಳಿದರು. ಅವರು ಮರೆಯಾದ ಮೇಲೆ ಅನಂತರಾಜ ಮೆಟ್ಟಿಲ ಮೇಲೆ ಕುಸಿದು ಕುಳಿತ. ಬುತ್ತಿ ಬಿಚ್ಚಿದ. ಮೊಸರನ್ನ. ಹಾಗೆಯೇ ಮತ್ತೆ ಕಟ್ಟಿಟ್ಟ.

ಎರಡು ಗಂಟೆಗೆ ಬೊಮ್ಮಿ ಹ್ಯಾಮನ್ನು ಹೊರತೆಗೆದು ದೊಡ್ಡ ತಟ್ಟೆಯಲ್ಲಿಟ್ಟಳು. ಹೊಸ ಹಿತ್ತಾಳೆ ಕೊಡದ ಹಾಗೆ ಅದು ಹೊಳೆಯುತ್ತಿತ್ತು. ಸ್ವಲ್ಪ ಆರಲಿ ಎಂದು ಹೇಳಿ ಅವಳು ತೋಡಿನಲ್ಲಿ ಕೈಕಾಲು ತೊಳೆದು, ಹಾಡಿಯಲ್ಲಿದ್ದ ಮಗುವನ್ನು ನೋಡಿ ಬರಲು ಹೋದಳು.

ಅವಳು ಅತ್ತ ಹೋದದ್ದೇ ತಡ, ಕಾಫಿ ಗಿಡಗಳ ಸಂದಿಯಿಂದ ಮೂರು ಜನ ಹೊರಬಂದರು. ಹರಿದ ಅಂಗಿ, ಮೊಣಕಾಲಿಗೆ ಎತ್ತಿ ಕಟ್ಟಿದ ಮುಂಡು, ತಲೆಗೆ ಸುತ್ತಿದ ತೋರ್ತು ವಸ್ತ್ರ. ಮುಂದಿದ್ದವನ ಹೆಗಲಲ್ಲಿ ನಾಡಕೋವಿ. ಕಾಲಿನಲ್ಲಿ ಬೂಟು. ಪೊಲೀಸರಿಂದ ಕಿತ್ತುಕೊಂಡ ಬೂಟೇ ಇರಬೇಕೆಂದು ಅನಂತರಾಜನಿಗೆ ತಕ್ಷಣ ಖಾತ್ರಿಯಾಯಿತು. ಪಹರೆಯ ವೇಲಾಯುಧನ್ ಕಾಫಿ ಗೋದಾಮಿನೊಳಗೆ ಹೊಕ್ಕು ಚಿಲಕ ಹಾಕಿಕೊಂಡ ಸದ್ದು ಕೇಳಿತು. ಬೆಳಿಗ್ಗೆಯಿಂದ ಅವನು ಹೇಳಿದ ಸುದ್ದಿಗಳಲ್ಲಿ ಅದೊಂದೇ ನಂಬಬಹುದಾಗಿದ್ದದ್ದು.

ಕೋವಿಯವನು ಮಲಯಾಳದಲ್ಲಿ ನೀನು ಯಾರೆಂದು ಕೇಳಿದ.

ರೈಟರ್ ಎಂದರೆ ಕೈ ಹೋಯಿತು. ಅನಂತರಾಜ ಪುಸ್ತಕವನ್ನು ಮೆಲ್ಲಗೆ ಸೌದೆಯ ಹಿಂದೆ ತಳ್ಳಿದ.

“ಕುಶಿನಿಯವನು,” ಎಂದ. “ಬರೀ ಅಡುಗೆಯವನು. ಓದು ಬರಹ ಬರಲ್ಲ.”

ಹಾಗಾದರೆ ನಮ್ಮವನೇ ಎಂದು ಅವರು ಸಮಾಧಾನದಿಂದ ಕುಶಿನಿಯೊಳಗೆ ಬಂದು ಮಣೆಗಳ ಮೇಲೆ ಕುಳಿತರು. ಎರಡು ದಿನದಿಂದ ಕಾಡಿನಲ್ಲಿದ್ದೇವೆ, ಇದನ್ನು ಕೊಯ್ದು ಬಡಿಸು ಎಂದರು. ಅನಂತರಾಜ ಬಾಗಿಲಾಚೆಗೆ ನೋಡಿದ. ಬೊಮ್ಮಿಯ ಸುಳಿವಿಲ್ಲ. ಕೋವಿಯ ನಳಿಕೆ ಅವನ ಹೊಕ್ಕುಳಿನತ್ತ ತಿರುಗಿತ್ತು.

ಅವನು ಕಣ್ಣು ಮುಚ್ಚಿ, ಮನಸ್ಸಿನಲ್ಲೇ ನಮೋಕಾರ ಮಂತ್ರ ಹೇಳಿಕೊಳ್ಳುತ್ತ, ಚಾಕು ಹಿಡಿದು ಹ್ಯಾಮಿಗೆ ಕೈಹಾಕಿದ. ಅದು ಬೆಚ್ಚಗಿತ್ತು, ಅಂಟಂಟಾಗಿತ್ತು. ಮೊದಲ ಹೋಳು ಇಟ್ಟಿಗೆಯಷ್ಟು ದಪ್ಪ ಬಂತು. ಎರಡನೆಯದು ಜಾರಿ ಕೋವಿಯವನ ಮಡಿಲಿಗೆ ಬಿತ್ತು. ಅವನು ಅದನ್ನು ಅಲ್ಲಿಂದಲೇ ತೆಗೆದು ತಿಂದು, ನಿನ್ನ ಕೈರುಚಿ ಚೆನ್ನಾಗಿದೆ ಎಂದ. ಇಪ್ಪತ್ತು ನಿಮಿಷದಲ್ಲಿ ಅರ್ಧ ಹ್ಯಾಮು ಮುಗಿಯಿತು. ಬಡಿಸುತ್ತ ಬಡಿಸುತ್ತ ಅನಂತರಾಜನ ಮೊಣಕೈವರೆಗೆ ಜೇನಾಗಿತ್ತು.

ಅಷ್ಟರಲ್ಲಿ ಬಂಗಲೆಯ ಮುಂದೆ ಜೀಪಿನ ಸದ್ದಾಯಿತು. ಕುರುವಿಳ ಸಾಹೇಬರು ಡೈರೆಕ್ಟರನ್ನು ಹಜಾರದಲ್ಲಿ ಕೂರಿಸಿ, ಹ್ಯಾಮ್ ನೋಡಲು ನೇರವಾಗಿ ಕುಶಿನಿಗೆ ಬಂದರು. ಬಂದು ಕಲ್ಲಾದರು.

ಕೋವಿಯವನು ಅವಸರವಿಲ್ಲದೆ ಬಾಯಿ ಒರೆಸಿಕೊಂಡು ಎದ್ದು, ಅಂಗಿಯ ಒಳಜೇಬಿನಿಂದ ಗುರುತಿನ ಚೀಟಿ ತೆಗೆದು ತೋರಿಸಿದ. ಹೊಸದಾಗಿ ಬಂದಿಳಿದ ಪೊಲೀಸ್ ಕ್ಯಾಂಪಿನ ಎಸ್ಸೈ ರಾಘವನ್. ಉಳಿದಿಬ್ಬರು ಅವನ ಪೇದೆಗಳು. ಕೆರೆಯ ಹತ್ತಿರ ಮೂವರು ನಕ್ಸಲರಿದ್ದಾರೆಂದು ಒಂದು ಗಂಟೆಗೆ ಕ್ಯಾಂಪಿಗೆ ಖಬರು ಬಂದಿತ್ತು. ಕೆರೆಯ ಹತ್ತಿರ ಒಬ್ಬ ದನ ಕಾಯುವವನ ಹೊರತು ಯಾರೂ ಸಿಗಲಿಲ್ಲ. ಬಂದದ್ದೇ ಬಂದೆವು, ಈ ಎಸ್ಟೇಟಿನಲ್ಲಿ ನಕ್ಸಲರಿಗೆ ಯಾರು ಅನ್ನ ಹಾಕುತ್ತಾರೆ ಎಂದು ವೇಷದಲ್ಲೇ ಪರೀಕ್ಷಿಸೋಣವೆಂದು ಇತ್ತ ಬಂದಿದ್ದರು.

“ಹಾಕುವವನು ಸಿಕ್ಕಿದ,” ಎಂದ ರಾಘವನ್.

ಅನಂತರಾಜ ಚಾಕು ಕೆಳಗಿಟ್ಟ. ತಾನು ನಕ್ಸಲರ ಕಡೆಯವನಲ್ಲ, ಅಡುಗೆಯವನೂ ಅಲ್ಲ, ಎಸ್ಟೇಟಿನ ರೈಟರ್ ಎಂದು ತೊದಲಿದ. ಅದು ಇನ್ನೂ ಕೆಟ್ಟಿತು. ರಾಘವನ್‌ನ ಲೆಕ್ಕ ಸರಳವಾಗಿತ್ತು. ಇವನು ಅಡುಗೆಯವನೇ ಆದರೆ, ಬಂದವರಿಗೆ ಬಡಿಸುವುದು ಅವನ ಕೆಲಸ, ಅದಕ್ಕೆ ಕೇಸಿಲ್ಲ. ಒಂದು ಹೇಳಿಕೆ ಬರೆದುಕೊಂಡು ಬಿಡಬಹುದು. ಅಲ್ಲ, ಓದು ಬರಹ ಬಲ್ಲ ರೈಟರ್ ಅಡುಗೆಯವನೆಂದು ಸುಳ್ಳು ಹೇಳಿಕೊಂಡು ನಕ್ಸಲರನ್ನು ಸಾಕುತ್ತಿದ್ದಾನೆಂದಾದರೆ, ಈಗಲೇ ಕ್ಯಾಂಪಿಗೆ ಹೊರಡಬೇಕು. ಕ್ಯಾಂಪಿಗೆ ಹೋದವರು ಹೇಗೆ ನಡೆದು ವಾಪಸು ಬರುತ್ತಾರೆಂಬುದನ್ನು ಆ ತಿಂಗಳು ಎಲ್ಲರೂ ನೋಡಿದ್ದರು.

ಕುರುವಿಳ ಒಂದು ಕ್ಷಣವೂ ಯೋಚಿಸಲಿಲ್ಲ. ಡೈರೆಕ್ಟರು ಬಂದ ದಿನ ತನ್ನ ಎಸ್ಟೇಟಿನಿಂದ ಒಬ್ಬನನ್ನು ಕಟ್ಟಿ ಒಯ್ದರೆ ಏನಾದೀತೆಂದು ಅವರಿಗೆ ಗೊತ್ತಿತ್ತು. ಇವನು ಅಡುಗೆಯವನೇ, ಗಾಬರಿಯಲ್ಲಿ ಏನೇನೋ ಹೇಳುತ್ತಿದ್ದಾನೆ ಎಂದುಬಿಟ್ಟರು. ಹ್ಯಾಮಿನ ಉಳಿದರ್ಧವನ್ನು ಎತ್ತಿಕೊಂಡು ಡೈರೆಕ್ಟರಿಗೆ ಬಡಿಸಲು ಹೋದರು.

ರಾಘವನ್ ಹೇಳಿಕೆ ಬರೆದ. ಬರೆದದ್ದನ್ನು ಕಾನೂನಿನಂತೆ ಗಟ್ಟಿಯಾಗಿ ಓದಿದ. ‘ನಾನು ಅನಂತರಾಜ, ಈ ಬಂಗಲೆಯ ಅಡುಗೆಯವನು. ಈ ದಿನ ಹಂದಿಯ ತೊಡೆಯನ್ನು ಬೇಯಿಸಿ, ಜೇನು ಹಚ್ಚಿ ಸುಟ್ಟು, ನನ್ನ ಕೈಯಾರೆ ಕೊಯ್ದು ಬಡಿಸಿದ್ದೇನೆ. ಇದು ಸತ್ಯ.’ ಅನಂತರಾಜ ಸಹಿ ಹಾಕಹೋದ. ಓದು ಬರಹ ಬರಲ್ಲ ಅಂದೆಯಲ್ಲ ಎಂದು ರಾಘವನ್ ಅವನ ಹೆಬ್ಬೆಟ್ಟು ಒತ್ತಿಸಿಕೊಂಡ. ಜೇನಿಗೆ ಶಾಯಿ ಬೆರೆತು ಗುರುತು ದೊಡ್ಡದಾಗಿಯೇ ಮೂಡಿತು.

ಪರವಾಗಿಲ್ಲ ಎಂದುಕೊಂಡ ಅನಂತರಾಜ. ಕಾಗದ ಕ್ಯಾಂಪಿನ ಪೆಟ್ಟಿಗೆ ಸೇರುತ್ತದೆ. ಅದನ್ನು ಯಾರು ಓದುತ್ತಾರೆ? ಬೆಳಿಗ್ಗೆಯಿಂದ ಮೊದಲ ಸಲ ಅವನ ಉಸಿರು ಸರಾಗವಾಗಿ ಬಂತು.

ಹೇಳಿಕೆಗೆ ಊರಿನ ಗಣ್ಯರೊಬ್ಬರ ಸಾಕ್ಷಿ ಬೇಕು ಎಂದ ರಾಘವನ್. ಅದಕ್ಕೇನೂ ಕಷ್ಟವಿಲ್ಲ, ಖಬರು ತಂದವರೇ ದಾರಿ ತೋರಿಸಲು ಬಂದಿದ್ದಾರೆ, ರಸ್ತೆಯ ತಿರುವಿನಲ್ಲಿ ನಮ್ಮ ಜೀಪಿನಲ್ಲಿ ಕೂತಿದ್ದಾರೆ ಎಂದು ಪೇದೆಯನ್ನು ಕಳಿಸಿದ.

ಪೇದೆಯ ಹಿಂದೆ ಅಂಗಳ ದಾಟಿ ಬಂದವರು ಪದ್ಮಪ್ಪ. ಅಳಿಯನನ್ನು ಬದುಕಿಸಬೇಕೆಂದು ಕ್ಯಾಂಪಿನವರೆಗೆ ಓಡಿದ್ದ ಮುದುಕರಿಗೆ ಇನ್ನೂ ಏದುಸಿರು ಇಳಿದಿರಲಿಲ್ಲ. ಅಳಿಯ ಜೀವಂತವಾಗಿರುವುದನ್ನು ಕಂಡು ಅವರ ಕಣ್ಣಲ್ಲಿ ನೀರು ಬಂತು. ರಾಘವನ್ ಸಾಕ್ಷಿಗಾಗಿ ಹೇಳಿಕೆಯನ್ನು ಮೊದಲಿನಿಂದ ಇನ್ನೊಮ್ಮೆ, ಒಂದೊಂದೇ ಮಾತು ಬಿಡಿಸಿ ಓದಿದ.

ಪದ್ಮಪ್ಪನವರು ಅನಂತರಾಜನ ಕೈ ನೋಡಿದರು.

“ಇದು ನಿಜವಾ, ಅಳಿಯಂದ್ರೇ?”

ಅನಂತರಾಜ ಬಾಯಿ ತೆರೆದ. ಪೇದೆ ಜೀಪಿನಿಂದ ತಂದು ಸೊಂಟಕ್ಕೆ ಸಿಕ್ಕಿಸಿದ್ದ ಕೈಕೋಳ ಕಂಡಿತು.

“ಹೌದು, ಮಾವ.”

ಪದ್ಮಪ್ಪನವರು ಸಹಿ ಮಾಡಿ, ಪೆನ್ನನ್ನು ಹಿಂತಿರುಗಿಸಿ, ಇಳಿಜಾರು ಇಳಿದರು. ಈ ಸಲ ಅವರಿಗೆ ಅವಸರವಿರಲಿಲ್ಲ.

ಅವರು ಮರೆಯಾಗುವ ಹೊತ್ತಿಗೆ ಕುರುವಿಳ ಸಾಹೇಬರು ಹಜಾರದಿಂದ ಈಚೆ ಬಂದರು. ಅವರ ಮುಖವೂ ಬಾಡಿತ್ತು. ಡೈರೆಕ್ಟರಿಗೆ ಹ್ಯಾಮ್ ಬಹಳ ಮೆಚ್ಚುಗೆಯಾಗಿತ್ತು. ಇಂಥ ಅಡುಗೆಯವನನ್ನು ಬಿಟ್ಟು ಯಾರಾದರೂ ಕೊಚ್ಚಿಗೆ ಹೋಗುತ್ತಾರೆಯೇ, ಇನ್ನೂ ಐದು ವರ್ಷ ಇಲ್ಲೇ ಇರು, ಹೊಸ ವರ್ಷಕ್ಕೆ ಮತ್ತೆ ಬರುತ್ತೇನೆ ಎಂದಿದ್ದರಂತೆ. ಹೊರಡುವ ಮೊದಲು ರಾಘವನ್ ಕೂಡ, ವಾರಕ್ಕೊಮ್ಮೆ ಬಂದು ಈ ಅಡುಗೆಯವನು ಕುಶಿನಿಯಲ್ಲೇ ಇದ್ದಾನೆಯೇ ಎಂದು ನೋಡಿ ಹೋಗುವುದಾಗಿ ತಿಳಿಸಿ ಹೋಗಿದ್ದ.

“ನಾಳೆಯಿಂದ ಆಫೀಸಿಗೆ ಬರಬೇಡ, ಅನಂತರಾಜ,” ಎಂದರು ಕುರುವಿಳ. “ಆರು ಗಂಟೆಗೆ ಕುಶಿನಿಗೆ ಬಾ. ಡೈರೆಕ್ಟರು ಎರಡು ಹ್ಯಾಮ್ ಕಳಿಸ್ತಾರಂತೆ.”