ಮೋಡೆಮ್ಮಿಗೊಬ್ಬ ಡ್ರೈವರ್

ಗ್ರಂಥಪಾಲರ ಕಂಪ್ಯೂಟರಿಗೆ ಏನೂ ಆಗಿರಲಿಲ್ಲ. ಏನೂ ಆಗದಿದ್ದ ಆ ಕಂಪ್ಯೂಟರನ್ನು ಭಾನುವಾರ ಬಂದ ಹೆಂಡತಿಯ ತಮ್ಮ ಸರಿ ಮಾಡಿ ಹೋದ. ತೊಂದರೆ ಶುರುವಾದದ್ದು ಅಲ್ಲಿಂದ.

ಭಾನುವಾರ ಮಧ್ಯಾಹ್ನ ಊಟ ಮಾಡಿ ಗ್ರಂಥಪಾಲರು ಒಂದು ಗಳಿಗೆ ಅಡ್ಡಾಗಿದ್ದರು. ಎದ್ದು ಬಂದು ನೋಡಿದರೆ ಪರದೆಯ ಮೇಲಿದ್ದ ಹಸಿರು ಗುಡ್ಡ ಮಾಯವಾಗಿ, ಒಂದು ಪೆಂಗ್ವಿನ್ ಹಕ್ಕಿ ಹೊಟ್ಟೆ ಮುಂದೆ ಮಾಡಿಕೊಂಡು ಕೂತಿತ್ತು.

"ಲಿನಕ್ಸ್ ಅಂತ ಹೊಸ ಸಿಸ್ಟಮ್ ಹಾಕಿದೀನಿ ಭಾವ. ಇನ್ಮೇಲೆ ವೈರಸ್ ಕಾಟ ಇಲ್ಲ," ಎಂದ ಭಾವಮೈದ.

"ಹಳೇದು ಎಲ್ಲಿ ಹೋಯ್ತಪ್ಪ?"

"ಒರೆಸಿ ಹಾಕ್ದೆ."

ಕೈ ಬೇರೆ ಒರೆಸಿಕೊಂಡು, ಸಂಜೆಯ ಬಸ್ಸಿಗೆ ಹೊರಟೂಹೋದ.

ಸೋಮವಾರ ಬೆಳಿಗ್ಗೆ ಗ್ರಂಥಪಾಲರು ಅರ್ಧ ದಿನ ರಜೆ ಹಾಕಿ ಕಂಪ್ಯೂಟರಿನ ಮುಂದೆ ಕೂತರು. ಅರ್ಧ ದಿನ ಸಾಕು ಎಂದುಕೊಂಡಿದ್ದರು, ಪಾಪ. ಕೇಂದ್ರ ಕಚೇರಿಯಿಂದ ಒಂದು ಸುತ್ತೋಲೆ ಬಂದಿತ್ತು: 'ವರ್ಗಾವಣೆಗೆ ಆಕ್ಷೇಪಣೆ ಇರುವವರು ಸೋಮವಾರ ಸಂಜೆ ಐದು ಗಂಟೆಯೊಳಗೆ ಇ-ಮೇಲ್ ಮೂಲಕ ಮಾತ್ರ ಸಲ್ಲಿಸತಕ್ಕದ್ದು. ವರ್ಗಾವಣೆಯ ಪಟ್ಟಿಯನ್ನು ಆಮೇಲೆ ಪ್ರಕಟಿಸಲಾಗುವುದು.' ಪಟ್ಟಿ ನೋಡುವ ಮೊದಲೇ ಪಟ್ಟಿಗೆ ಆಕ್ಷೇಪಣೆ ಸಲ್ಲಿಸುವುದು ಹೇಗೆಂದು ಯಾರೂ ಕೇಳಲಿಲ್ಲ. ಇಲಾಖೆಯಲ್ಲಿ ಹದಿನೆಂಟು ವರ್ಷ ಸವೆಸಿದವರಿಗೆ ಅಂಥ ಪ್ರಶ್ನೆ ಹುಟ್ಟುವುದಿಲ್ಲ. ಆದರೆ ಗುಡ್ಡದ ಮೇಲಿನ ಶಾಖೆಗೆ ಈ ಸಲ ಇವರದೇ ಹೆಸರು ಎಂಬ ಸುದ್ದಿ ಗಾಳಿಯಲ್ಲಿತ್ತು. ಆ ಶಾಖೆಯಲ್ಲಿ ನಾಲ್ಕು ಬೀರು, ಮೂವರು ಓದುಗರು. ಬಸ್ಸು ಬೆಳಿಗ್ಗೆ ಹತ್ತುತ್ತದೆ, ಇಳಿಯುವುದು ಅದರ ಇಷ್ಟ.

ಒಂಬತ್ತು ವರ್ಷದಲ್ಲಿ ನಾಲ್ಕು ಊರು ತಿರುಗಿ ಆಗಿತ್ತು. ಪ್ರತಿ ಊರಿನಲ್ಲೂ ಹೆಂಡತಿ ಹೊಲಿದ ಪರದೆ ಮುಂದಿನ ಊರಿನ ಕಿಟಕಿಗೆ ಒಂದೋ ಗಿಡ್ಡ, ಇಲ್ಲ ಉದ್ದ. ಈ ಊರಿಗೆ ಬಂದ ಮೇಲೆ ಆಕೆ ಹೊಲಿಗೆ ತರಗತಿ ಶುರುಮಾಡಿದ್ದಳು. ಹನ್ನೆರಡು ಜನ ಹೆಣ್ಣುಮಕ್ಕಳು ಕಲಿಯಲು ಬರುತ್ತಿದ್ದರು. "ಈ ಸಲ ನಾನು ಎಲ್ಲಿಗೂ ಬರಲ್ಲ ರೀ. ನೀವು ಬೇಕಾದ್ರೆ ಹೋಗಿ, ಕಾಗದ ಬರೀರಿ," ಎಂದು ಜಗಳದ ದನಿಯಿಲ್ಲದೆ ಹೇಳಿದ್ದಳು. ಜಗಳವಾಡಿದ್ದರೆ ಇವರಿಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಅರ್ಜಿ ಬೆರಳಚ್ಚಾಯಿತು. ಕಳಿಸೋಣವೆಂದು ಗುಂಡಿ ಒತ್ತಿದರೆ 'ಮೋಡೆಮ್ ಕಂಡುಬಂದಿಲ್ಲ' ಎಂಬ ಒಕ್ಕಣೆ ಬಂತು. ಗ್ರಂಥಪಾಲರು ಬಗ್ಗಿ ಕಂಪ್ಯೂಟರಿನ ಬೆನ್ನು ನೋಡಿದರು. ಮೋಡೆಮ್ ಇತ್ತು. ಇಂಟರ್‌ನೆಟ್ ತರುವ ಫೋನಿನ ತಂತಿಯೂ ಅದಕ್ಕೆ ಇತ್ತು. ತಮಗೆ ಕಂಡದ್ದು ಅದಕ್ಕೇಕೆ ಕಾಣಲಿಲ್ಲವೋ ತಿಳಿಯದೆ ಭಾವಮೈದನ ಕಚೇರಿಗೆ ಫೋನು ಹಚ್ಚಿದರು.

"ಅಯ್ಯೋ ಅಷ್ಟೇನಾ ಭಾವ? ಮೋಡೆಮ್ಮಿಗೆ ಡ್ರೈವರ್ ಬೇಕು, ಅದನ್ನ ನಡೆಸೋ ಪ್ರೋಗ್ರಾಮು."

"ಡ್ರೈವರ್ ಎಲ್ಲಿ ಸಿಗುತ್ತೆ?"

"ಇಂಟರ್‌ನೆಟ್ಟಲ್ಲಿ."

"ಇಂಟರ್‌ನೆಟ್ಟಿಗೆ ಹೋಗೋಕೆ?"

"ಮೋಡೆಮ್ ಬೇಕು."

"ಮೋಡೆಮ್ ನಡೀಬೇಕಾದ್ರೆ?"

"ಡ್ರೈವರ್ ಬೇಕು ಅಂದ್ನಲ್ಲ ಭಾವ! ಮೀಟಿಂಗ್ ಇದೆ, ಇಡ್ತೀನಿ."

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎನ್ನುವುದು ಗಾದೆ. ಗ್ರಂಥಪಾಲರು ಅದನ್ನು ಹಿಂದೆ ಕೇಳಿದ್ದರು. ಅದು ತಮ್ಮ ಮನೆಗೇ ಬಂದು ಕುರ್ಚಿ ಹಾಕಿ ಕೂರುತ್ತದೆಂದು ತಿಳಿದಿರಲಿಲ್ಲ.

"ಡ್ರೈವರ್ ಬೇಕಂತೆ ಕಣೇ, ಈಗ ಎಲ್ಲಿಂದ ತರೋಣ?" ಎಂದು ಅವರು ಒಳಗೆ ಕೂಗಿದ್ದು ಹೊಲಿಗೆ ಯಂತ್ರದ ಸದ್ದಿನಲ್ಲಿ ಹೆಂಡತಿಗೆ ಕೇಳಿಸಲಿಲ್ಲ. ಮೇಲಿನ ಮಹಡಿಯ ಓನರಮ್ಮನಿಗೆ ಕೇಳಿಸಿತು. ಆಕೆಗೆ ಕಿವಿ ಸ್ವಲ್ಪ ಮಂದ. ಆದರೆ ಬಾಡಿಗೆದಾರರ ವಿಷಯದಲ್ಲಿ ಆ ದೋಷ ಕಾಣಿಸಿಕೊಂಡದ್ದಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯಲ್ಲಿದ್ದ ನಿವೃತ್ತ ಲೈನ್‌ಮನ್ನು, ಮೂವತ್ತು ವರ್ಷ ಫೋನು ಕಂಬ ಹತ್ತಿ ಇಳಿದವನು, ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಾಗಲೇ ಇಕ್ಕಳ ಇತ್ತು.

"ಏನ್ ಸ್ವಾಮಿ, ಫೋನಿಗೆ ತೊಂದ್ರೆನಾ?"

"ಫೋನಿಗಲ್ಲ. ಈಗ ತಾನೇ ಮಾತಾಡ್ದೆ. ಕಂಪ್ಯೂಟರಿಗೆ…"

"ಕಂಪ್ಯೂಟರ್ ನಿನ್ನೆ ಮೊನ್ನೆದು ಸ್ವಾಮಿ. ತಂತಿ ಹಳೇದು. ತಪ್ಪು ಯಾವಾಗ್ಲೂ ತಂತೀಲೇ ಇರುತ್ತೆ."

ಬೇಡ ಎನ್ನುವಷ್ಟರಲ್ಲಿ ಗೋಡೆಯ ಮೇಲಿನ ಪೆಟ್ಟಿಗೆ ಬಿಚ್ಚಿಕೊಂಡಿತು. ತಂತಿ ಕಟ್ಟಾಯಿತು, ಸುಲಿದದ್ದಾಯಿತು, ಹೊಸೆದದ್ದಾಯಿತು. ಲೈನ್‌ಮನ್ನು ರಿಸೀವರ್ ಎತ್ತಿ ಕಿವಿಗಿಟ್ಟು, ಬಹಳ ಹೊತ್ತು ಆಲಿಸಿ, ತೃಪ್ತಿಯಿಂದ ಹೇಳಿದ: "ನೋಡಿದ್ರಾ? ನಾನು ಹೇಳ್ಲಿಲ್ವ? ಲೈನು ಸತ್ತಿದೆ!"

ಅದನ್ನು ಬದುಕಿಸುವ ಸಾಮಾನು ತರಲು ಆತ ಮನೆಗೆ ಹೋದ. ಗ್ರಂಥಪಾಲರು ಒಂದು ಫ್ಲಾಪಿಯನ್ನು ಜೇಬಿಗೆ ಹಾಕಿಕೊಂಡು, ಊರಿಗೆ ಒಂದೇ ಆಗಿದ್ದ ಇಂಟರ್‌ನೆಟ್ ಅಂಗಡಿಯತ್ತ ಬಿಸಿಲಲ್ಲಿ ಹೆಜ್ಜೆ ಹಾಕಿದರು. ನಡೆದರೆ ಅರ್ಧ ಗಂಟೆಯ ದಾರಿ.

ಅಂಗಡಿಯವಳು ಕೆಲಸ ಬಲ್ಲ ಹೆಂಗಸು. ಮೋಡೆಮ್ಮಿನ ನಂಬರು ಕೇಳಿ, ಇಂಟರ್‌ನೆಟ್ಟಿನಲ್ಲಿ ಹುಡುಕಿ ತಲೆಯಾಡಿಸಿದಳು.

"ಸಾರ್, ಇದು ಅರ್ಧ ಮೋಡೆಮ್ಮು."

"ಇನ್ನರ್ಧ?"

"ಅದನ್ನ ನಿಮ್ಮ ಹಳೇ ಸಿಸ್ಟಮ್ಮೇ ಮಾಡಿಕೊಡ್ತಿತ್ತು. ಮನೆ ಅಳಿಯ ಇದ್ದ ಹಾಗೆ ಸಾರ್ ಇದು. ತಟ್ಟೆ ಮುಂದೆ ಕೂರೋದಷ್ಟೇ ಗೊತ್ತು, ಬಡಿಸೋಕೆ ಬೇರೆಯವರು ಬೇಕು. ಲಿನಕ್ಸ್ ಬಡಿಸಲ್ಲ ಅನ್ನುತ್ತೆ. ಅದಕ್ಕೇ ಈ ಡ್ರೈವರ್ರು."

ಅವಳು ತುಂಬಿಕೊಟ್ಟ ಫ್ಲಾಪಿಯೊಂದಿಗೆ ಮನೆಗೆ ಬಂದು ನೋಡಿದರೆ ಅದರಲ್ಲಿದ್ದದ್ದು ಬಳಕೆಯ ವಿವರಣೆ ಮಾತ್ರ. ಡ್ರೈವರ್ ಒಂದು ಫ್ಲಾಪಿಗೆ ಹಿಡಿಸದೆ ಅಲ್ಲೇ ಉಳಿದುಬಿಟ್ಟಿತ್ತು. ವಿವರಣೆಯ ಮೊದಲ ಸಾಲು ಹೀಗಿತ್ತು: 'ಇದು ಬಹಳ ಸುಲಭ.'

ಅವರು ಕಣ್ಣು ಮುಚ್ಚಿ ಹಣೆ ಒತ್ತಿಕೊಳ್ಳುತ್ತಿದ್ದಾಗ ಓನರಮ್ಮ ಏದುಸಿರು ಬಿಡುತ್ತ ಮೆಟ್ಟಿಲಿಳಿದು ಬಂದರು. ಹಿಂದೆ ಖಾಕಿ ಅಂಗಿಯ, ದಪ್ಪ ಮೀಸೆಯ ಒಬ್ಬ ಆಳು.

"ತಗೊಳ್ಳಿ. ಬೆಳಿಗ್ಗೆಯಿಂದ ಡ್ರೈವರ್ ಡ್ರೈವರ್ ಅಂತ ಬಡ್ಕೋತಿದ್ರಲ್ಲ. ನಮ್ಮ ಅಕ್ಕನ ಮಗ. ಸ್ಕೂಲ್ ವ್ಯಾನ್ ಓಡಿಸ್ತಾನೆ. ಕುಡಿಯಲ್ಲ, ಸೇದಲ್ಲ."

"ಅಮ್ಮಾ, ಇದು ಮೋಡೆಮ್ಮಿಗೆ…"

"ಯಾವ ಗಾಡಿ ಆದ್ರೂ ಓಡಿಸ್ತೀನಿ ಸಾರ್," ಎಂದ ಆತ ಭರವಸೆಯಿಂದ.

ವಿವರಿಸುವ ಶಕ್ತಿ ಗ್ರಂಥಪಾಲರಲ್ಲಿ ಉಳಿದಿರಲಿಲ್ಲ. ವ್ಯಾನ್ ಹತ್ತಿ, ಎರಡು ಖಾಲಿ ಫ್ಲಾಪಿ ಹಿಡಿದು ಮತ್ತೆ ಅಂಗಡಿಗೆ ಹೋದರು. ಹೇಳಿದಲ್ಲಿ ಹೊರಟು ಹೇಳಿದಲ್ಲಿ ನಿಂತ ಡ್ರೈವರ್ ಎಂದರೆ ಆ ದಿನ ಅವನೊಬ್ಬನೇ. ಅಂಗಡಿಯವಳು ಡ್ರೈವರನ್ನು ಎರಡು ತುಂಡು ಮಾಡಿ ಎರಡು ಫ್ಲಾಪಿಗೆ ಹಾಕಿಕೊಟ್ಟಳು. "ಇನ್ನೇನಾದ್ರೂ ಬೇಕಿದ್ರೆ ನಾಲ್ಕರೊಳಗೆ ಬನ್ನಿ ಸಾರ್. ನಾಲ್ಕಕ್ಕೆ ಈ ಬೀದೀಲಿ ಕರೆಂಟ್ ತೆಗೀತಾರೆ. ಮತ್ತೆ ಬರೋದು ಆರಕ್ಕೆ."

ಎರಡನೆಯ ಫ್ಲಾಪಿಯನ್ನು ಕಂಪ್ಯೂಟರು ಓದಲು ಒಪ್ಪಲಿಲ್ಲ. ಮೂರನೆಯ ಸಲ ಹೋಗಿ ಬಂದರು. ಬರುವಾಗ ಮೂರು ಗಂಟೆ. ಮಕ್ಕಳನ್ನು ಕರೆತರುವ ಹೊತ್ತಾಯಿತೆಂದು ವ್ಯಾನ್ ಹೊರಟುಹೋಯಿತು. ಅರ್ಧ ದಿನದ ರಜೆ ಯಾವಾಗಲೋ ಮುಗಿದು, ಮಿಕ್ಕರ್ಧ ಹೇಳದೆ ಕೇಳದೆ ಹಾಕಿದ ರಜೆಯಾಗಿತ್ತು. ಊಟ ತಟ್ಟೆಯಲ್ಲಿ ಆರಿತ್ತು.

ತುಂಡುಗಳನ್ನು ಕೂಡಿಸಿ, ವಿವರಣೆಯಲ್ಲಿದ್ದ ಆಜ್ಞೆಗಳನ್ನು ಒಂದೊಂದೇ ಬೆರಳಿನಲ್ಲಿ ಕುಟ್ಟಿದರು. ಪರದೆಯ ಮೇಲೆ ಸಾಲುಗಳು ಇರುವೆ ಎದ್ದ ಹಾಗೆ ಮೇಲೆ ಮೇಲೆ ಓಡಿ ಗಕ್ಕನೆ ನಿಂತವು. ಕೊನೆಯ ಸಾಲಿನಲ್ಲಿ 'ಎರರ್' ಎಂದಿತ್ತು. ಮತ್ತೆ ಕುಟ್ಟಿದರು. ಮತ್ತೆ ಅದೇ. ಮೂರನೆಯ ಸಲಕ್ಕೆ ಲೈನ್‌ಮನ್ನು ಫೋನನ್ನು ಬದುಕಿಸಿ, ಬೆನ್ನ ಹಿಂದೆ ಬಂದು ನಿಂತು, "ಎಂಟರ್ ಸ್ವಲ್ಪ ಜೋರಾಗಿ ಒತ್ತಿ ಸ್ವಾಮಿ," ಎಂದ. ಜೋರಾಗಿ ಒತ್ತಿದರು. ಎರರ್ ಬಂತು.

ನಾಲ್ಕೂಕಾಲಿಗೆ ಹೊಲಿಗೆ ತರಗತಿ ಮುಗಿಸಿ ಹೆಂಡತಿ ಚಹಾ ತಂದಿಟ್ಟಳು. ಫ್ಲಾಪಿಗಳ ರಾಶಿ ನೋಡಿದಳು. ಗಂಡನ ಮುಖ ನೋಡಿದಳು.

"ರೀ, ಒಂದು ಕೇಳ್ಲಾ? ಆ ಅಂಗಡೀಲಿ ಇಂಟರ್‌ನೆಟ್ ಇದೆ ಅಲ್ವಾ?"

"ಇದೆ ಕಣೇ. ಅದಕ್ಕೇ ತಾನೇ ಮೂರು ಸಲ ಹೋಗಿದ್ದು."

"ಅರ್ಜೀನ ಅಲ್ಲಿಂದಲೇ ಕಳಿಸಬಹುದಿತ್ತಲ್ವಾ?"

ಲೈನ್‌ಮನ್ನು ಕೆಮ್ಮಿ, ಕಿಟಕಿಯ ಹೊರಗೆ ಬಹಳ ಆಸಕ್ತಿಯಿಂದ ನೋಡತೊಡಗಿದ. ಗ್ರಂಥಪಾಲರು ಗಡಿಯಾರ ನೋಡಿದರು. ಅಂಗಡಿಯ ಬೀದಿಯಲ್ಲಿ ಕರೆಂಟ್ ತೆಗೆದು ಹದಿನೈದು ನಿಮಿಷ ಆಗಿತ್ತು. ಬಾವಿ ಪಕ್ಕದಲ್ಲೇ ಮೂರು ಸಲ ನಿಂತು, ನೀರು ಸೇದುವ ಹಗ್ಗ ಹೊಸೆಯುವುದು ಹೇಗೆಂದು ಮೂರು ಸಲ ವಿಚಾರಿಸಿಕೊಂಡು ಬಂದಿದ್ದರು.

ಅವರಿಗೆ ಅಳು ಬರಲಿಲ್ಲ. ಅಳುವುದಕ್ಕೂ ಒಂದಿಷ್ಟು ತ್ರಾಣ ಬೇಕು. ಸುಮ್ಮನೆ ಕನ್ನಡಕ ಒರೆಸಿ ಹಾಕಿಕೊಂಡು, ಬೇರೇನೂ ತೋಚದೆ, ಹದಿನೆಂಟು ವರ್ಷದಿಂದ ಮಾಡಿಕೊಂಡು ಬಂದದ್ದನ್ನೇ ಮಾಡಿದರು. ಪರದೆಯ ಮೇಲಿದ್ದದ್ದನ್ನು ಮೊದಲ ಸಾಲಿನಿಂದ ಓದತೊಡಗಿದರು. ಇಷ್ಟು ಹೊತ್ತೂ ಕೊನೆಯ ಸಾಲು ನೋಡಿ ಹಣೆ ಚಚ್ಚಿಕೊಂಡಿದ್ದಾಗಿತ್ತು. ಮೇಲಿನದನ್ನು ಯಾರೂ ಓದಿರಲಿಲ್ಲ. ಓದುತ್ತ ಓದುತ್ತ ಒಂದು ಕಡೆ ಅವರ ಬೆರಳು ನಿಂತಿತು. ಲಿನಕ್ಸಿನ ಆವೃತ್ತಿಯ ಸಂಖ್ಯೆಗೆ ಕೊನೆಯಲ್ಲಿ ಒಂದು ಏಳು ಅಂಟಿಕೊಂಡಿತ್ತು. ಡ್ರೈವರ್ ಹುಡುಕುತ್ತಿದ್ದ ಸಂಖ್ಯೆಯಲ್ಲಿ ಆ ಏಳು ಇರಲಿಲ್ಲ.

"ಅಯ್ಯೋ, ಇಷ್ಟೇನಾ!" ಎಂದರು ಗ್ರಂಥಪಾಲರು. ಗ್ರಂಥಾಲಯದ ಕಾರ್ಡಿನಲ್ಲಿ ಒಂದು ನಂಬರು, ಪುಸ್ತಕದ ಬೆನ್ನಿಗೆ ಇನ್ನೊಂದು ನಂಬರು. ಇಂಥದ್ದನ್ನು ಅವರು ಬೀರುಗಟ್ಟಲೆ ತಿದ್ದಿದ್ದರು. ಏಳನ್ನು ಸೇರಿಸಿ, ಉಳಿಸಿ, ಮತ್ತೆ ಕುಟ್ಟಿದರು. ಇರುವೆಗಳು ಓಡಿದವು. ಈ ಸಲ ಎಲ್ಲೂ ಎಡವಲಿಲ್ಲ.

ನಾಲ್ಕು ಐವತ್ತಕ್ಕೆ ಮೋಡೆಮ್ ಬಾಯಿ ಬಿಟ್ಟಿತು. ಮೊದಲು ಕೊಂಯ್ ಎಂದಿತು, ಆಮೇಲೆ ಕಿರ್ರೆಂದಿತು, ಆಮೇಲೆ ಯಾರೋ ತಗಡನ್ನು ನೆಲದ ಮೇಲೆ ಎಳೆದಂತಾಯಿತು. ಓನರಮ್ಮ ಮಹಡಿಯಿಂದ, "ಯಾರಿಗ್ರೀ ಹೊಟ್ಟೆನೋವು?" ಎಂದು ಕೂಗಿದರು. ಲೈನ್‌ಮನ್ನು, "ನೋಡಿದ್ರಾ, ತಂತಿ ಸರಿಹೋದ ಮೇಲೆ ಹೇಗೆ!" ಎಂದ. ಐದಕ್ಕೆ ಎಂಟು ನಿಮಿಷ ಇದ್ದಾಗ ಅರ್ಜಿ ಹೋಯಿತು. ಹೆಂಡತಿ ಗಂಡನ ಹೆಗಲ ಮೇಲೆ ಒಂದು ಕ್ಷಣ ಕೈಯಿಟ್ಟು, ಆರಿದ ಚಹಾ ಬಿಸಿ ಮಾಡಲು ಒಳಗೆ ಹೋದಳು.

ಐದು ಹತ್ತಕ್ಕೆ ಫೋನು ಹೊಡೆದುಕೊಂಡಿತು. ಕೇಂದ್ರ ಕಚೇರಿಯ ಸೂಪರಿಂಟೆಂಡೆಂಟ್ ಮೇಡಂ.

"ಏನ್ರೀ ನೀವು, ಬೆಳಿಗ್ಗೆಯಿಂದ ಮಾಡ್ತಾ ಇದೀನಿ! ಒಂದ್ಸಲ ಲೈನೇ ಸತ್ತಿರುತ್ತೆ, ಇನ್ನೊಂದ್ಸಲ ಎಂಗೇಜು. ನಿಮ್ಮ ಮೇಲ್ ಬಂತು. ಅಲ್ಲಾ, ಪಟ್ಟೀಲಿ ನಿಮ್ಮ ಹೆಸರೇ ಇಲ್ವಲ್ಲ ಮಾರಾಯ್ರೆ! ನೀವು ಅರ್ಜಿ ಹಾಕೋದೇ ಬೇಡ ಅಂತ ಹೇಳೋಕೇ ಫೋನ್ ಮಾಡ್ತಿದ್ದೆ."

ಗ್ರಂಥಪಾಲರು ಕುರ್ಚಿ ಎಳೆದುಕೊಂಡು ಕೂತರು. ಪಟ್ಟಿಯಲ್ಲಿ ಹೆಸರಿಲ್ಲ! ಇಡೀ ದಿನ ದಂಡ. ಆದರೂ ಇದಕ್ಕಿಂತ ಒಳ್ಳೆಯ ದಂಡ ಇನ್ನೊಂದಿಲ್ಲ. ಅಷ್ಟಕ್ಕೇ 'ನಮಸ್ಕಾರ ಮೇಡಂ' ಎಂದು ಫೋನಿಟ್ಟಿದ್ದರೆ ಈ ಕತೆಯೂ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮೇಡಂ ಮರ್ಯಾದೆಗೆಂದು ಒಂದು ಮಾತು ಕೇಳಿದರು: "ಯಾಕೆ, ಲೈನಿಗೆ ಏನಾಗಿತ್ತು?"

ಬೆಳಿಗ್ಗೆಯಿಂದ ಆ ಪ್ರಶ್ನೆಯನ್ನು ಯಾರೂ ಅಷ್ಟು ಅಕ್ಕರೆಯಿಂದ ಕೇಳಿರಲಿಲ್ಲ. ಗ್ರಂಥಪಾಲರು ಶುರುಮಾಡಿದರು. ಅರ್ಧ ಮೋಡೆಮ್ಮು, ಡ್ರೈವರ್ರು, ಆವೃತ್ತಿ, ಏಳು ಸೇರಿಸಿದ್ದು, ಯಾವುದನ್ನೂ ಬಿಡಲಿಲ್ಲ. ಅಂಗಡಿಗೆ ಹೋದದ್ದನ್ನು ಮಾತ್ರ ಬಿಟ್ಟರು. ಹೇಳುತ್ತ ಹೇಳುತ್ತ ದನಿ ಏರಿತು. "ಏನಿಲ್ಲ ಮೇಡಂ, ಮೊದಲ ಸಾಲಿಂದ ಓದ್ಬೇಕು ಅಷ್ಟೇ. ತಿಳ್ಕೊಂಡ್ರೆ ಲಿನಕ್ಸ್ ಬಹಳ ಸುಲಭ," ಎಂದು ಮುಗಿಸಿದರು.

ಆ ಕಡೆ ಕಾಗದ ತಿರುವುವುದು ಕೇಳಿಸಿತು.

"ನೀವೊಬ್ರೇ ಮಾಡಿದ್ರಾ ಇದನ್ನ?"

"ಒಬ್ಬನೇ ಮೇಡಂ."

"ಭೇಷ್! ಇಲಾಖೇಲಿ ಇಂಥವರು ಇದ್ದಾರೆ ಅಂತ ಗೊತ್ತೇ ಇರ್ಲಿಲ್ಲ. ನೋಡಿ, ಗುಡ್ಡದ ಶಾಖೆಗೆ ಆರು ಕಂಪ್ಯೂಟರ್ ಕೊಟ್ಟು ಏಳು ತಿಂಗಳಾಯ್ತು. ಆರಕ್ಕೂ ಲಿನಕ್ಸೇ. ಒಂದರಲ್ಲೂ ಮೋಡೆಮ್ ನಡೀತಿಲ್ಲ. ಹೋದ ಇಬ್ಬರೂ ಆಗಲ್ಲ ಅಂತ ಬರೆದುಕೊಟ್ಟು ವಾಪಸ್ ಬಂದ್ರು. ಪಟ್ಟಿ ಇನ್ನೂ ಸಹಿಗೆ ಹೋಗಿಲ್ಲ, ಸದ್ಯ, ನಿಮ್ಮ ಹೆಸರು ಸೇರಿಸ್ತೀನಿ."

"ಮೇಡಂ, ನನ್ನ ಆಕ್ಷೇಪಣೆ ನಿಮ್ಮ ಕೈಲೇ ಇದೆಯಲ್ಲ…"

"ಅದು ಪಟ್ಟೀಲಿ ಹೆಸರು ಇದ್ದೋರಿಗೆ. ನೀವು ಕಳಿಸಿದಾಗ ನಿಮ್ಮ ಹೆಸರು ಇರ್ಲಿಲ್ಲ, ಹಾಗಾಗಿ ಅದು ಊರ್ಜಿತ ಅಲ್ಲ. ಈಗ ಹೊಸದು ಕಳಿಸೋಣ ಅಂದ್ರೆ ಗಂಟೆ ಐದಾಗಿಹೋಯ್ತು. ಮುಂದಿನ ಸೋಮವಾರ ಹಾಜರಾಗಿ. ಒಳ್ಳೇದಾಗ್ಲಿ!"

ಗ್ರಂಥಪಾಲರು ರಿಸೀವರನ್ನು ನಿದ್ದೆ ಹೋದ ಮಗುವನ್ನು ಮಲಗಿಸುವಷ್ಟು ಮೆಲ್ಲಗೆ ಕೆಳಗಿಟ್ಟರು. ಹೆಂಡತಿ ಬಿಸಿ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಯಾರು? ಕೇಂದ್ರ ಕಚೇರಿಯವರಾ? ಏನಂದ್ರು?"

"ಏನಿಲ್ಲ ಕಣೇ," ಎಂದರು ಗ್ರಂಥಪಾಲರು, ಎಲ್ಲೋ ನೋಡುತ್ತ. "ತುಂಬಾ ಹೊಗಳಿದ್ರು."

ಹೆಂಡತಿ ಚಹಾದ ಲೋಟವನ್ನು ಮೇಜಿನ ಮೇಲಿಟ್ಟು, ಎದುರಿನ ಕುರ್ಚಿಯಲ್ಲಿ ಕೂತಳು.

"ಯಾವಾಗ ಹೊರಡಬೇಕಂತೆ?"