ಕಾಕಾ, ನಕ್ಷತ್ರದ ಧೂಳು ಮತ್ತು ಜೋಳದ ಹಿಟ್ಟು

ನನ್ನ ಮಾವನವರ ತಮ್ಮನಿಗೆ, ಅಂದರೆ ನಮಗೆಲ್ಲ ಕಾಕಾ ಆದವರಿಗೆ, 'ಬೆಳಗಾಯಿತು' ಎಂದು ಹೇಳಿ ನೋಡಬೇಕಿತ್ತು! ಕಿಟಕಿ ತೆಗೆದು, ಸೂರ್ಯ ಬಂದದ್ದು ಖಾತ್ರಿಯಾದ ಮೇಲೆಯೇ ಹಾಸಿಗೆ ಬಿಡುತ್ತಿದ್ದರು.

ಒಮ್ಮೆ ಗದಗಿನಲ್ಲಿ ಮುಂಡರಗಿ ಬಸ್ಸು ಹತ್ತಿ ಡ್ರೈವರನನ್ನೇ ಹಿಡಿದರು.

"ಎಲ್ಲಿಗೆ ಹೊಂಟೀಯಪಾ?"

"ಮುಂಡರಗಿಗೆ ರೀ ಯಜಮಾನ್ರ. ಬೋರ್ಡ್ ಐತೆಲ್ರಿ."

"ಬೋರ್ಡ್ ಬಿಡು. ನೀ ಖರೆ ಹೇಳು!"

ಗಿರಣಿಯವನು ಹಿಟ್ಟಿನಲ್ಲಿ ಏನು ಬೆರೆಸುತ್ತಾನೋ ಎಂಬ ಗುಮಾನಿ ಬೇರೆ. ಹೀಗಾಗಿ ಬೆಟಗೇರಿಯ ಓಣಿಯೆಲ್ಲ ಗಿರಣಿಗೆ ಹೋದರೂ ನಮ್ಮ ಮನೆಯಲ್ಲಿ ಮಾತ್ರ ಬೀಸುವ ಕಲ್ಲು. ಬೀಸುವವಳು ಯಾರು? ಸೊಸೆ!

ಕಾನ್ವೆಂಟಿನಲ್ಲಿ ಓದಿದ ತಪ್ಪಿಗೆ ಇಂಗ್ಲಿಷ್ ಪೇಪರನ್ನೂ ನಾನೇ ಓದಿ ಹೇಳಬೇಕಿತ್ತು. ಎಂಬತ್ತರ ದಶಕದ ಒಂದು ದಿನ ಸುದ್ದಿ ಬಂತು: ದೂರದ ಎಳೆಯ ನಕ್ಷತ್ರವೊಂದರ ಸುತ್ತ ಧೂಳಿನ ದೊಡ್ಡ ತಟ್ಟೆಯಿದೆ. ನಕ್ಷತ್ರದ ಹತ್ತಿರ ಮಾತ್ರ ಧೂಳು ಕಡಿಮೆ. ಅಲ್ಲಿ ಗ್ರಹಗಳು ಹುಟ್ಟಿ ಅದನ್ನು ಬಾಚಿಕೊಂಡಿರಬಹುದು.

"ಗ್ರಹ ಕಂಡಾವೇನು?"

"ಇಲ್ರಿ ಕಾಕಾ. ಧೂಳು ಕಡಿಮಿ ಆಗೇತಿ ಅಂತ ವಿಜ್ಞಾನಿಗಳ ಊಹೆ."

"ಭೇಷ್! ಅವರೂ ನನ್ನಂಗ ಸಂಶಯದ ಮಂದಿ. ಕಡಿಮಿ ಆದಲ್ಲೆ ಯಾರೋ ಇದ್ದ ಇರ್ತಾರ!"

ಮರುದಿನದಿಂದ ಕಲ್ಲೇ ಅವರ ನಕ್ಷತ್ರ, ಸುತ್ತ ಉದುರುವ ಹಿಟ್ಟೇ ತಟ್ಟೆ. ಕನ್ನಡಕ ಏರಿಸಿಕೊಂಡು ದಿನಾ ಬಂದು ಇಣುಕಿದ್ದೇ ಇಣುಕಿದ್ದು. ನನಗೋ ಅವರ ಮೇಲೆಯೇ ಸಂಶಯ ಶುರುವಾಯಿತು. ಹಿಟ್ಟು ನೋಡುತ್ತಿದ್ದಾರೋ, ನನ್ನನ್ನೋ?

ಹೆದರಲು ಕಾರಣವಿತ್ತು. ನನಗಾಗ ಎರಡು ತಿಂಗಳು. ಹಿಂದಿನ ಸಲ ಬೇಗ ಹೇಳಿಬಿಟ್ಟಿದ್ದೆವು; ಸಂಭ್ರಮಪಟ್ಟ ಓಣಿಯೇ ಆಮೇಲೆ ಸಮಾಧಾನ ಹೇಳಲು ಬಂದಿತ್ತು. ಈ ಸಲ ಮೂರು ತುಂಬುವವರೆಗೆ ಅತ್ತೆಗೂ ಹೇಳಬಾರದೆಂದು ನಾನೂ ನನ್ನ ಗಂಡನೂ ನಿರ್ಧರಿಸಿದ್ದೆವು. ಹೇಳದೆ ಬೀಸುವುದನ್ನು ತಪ್ಪಿಸಿಕೊಳ್ಳುವುದು ಹೇಗೆ? ಕಲ್ಲು ತಿರುವಿದಾಗೊಮ್ಮೆ ಸೊಂಟದಲ್ಲಿ ಚಳಕು. ಸಾಲದ್ದಕ್ಕೆ ಹಸಿ ಹಿಟ್ಟು ತಿನ್ನುವ ಹಾಳು ಬಯಕೆ!

ಒಂದು ಬೆಳಿಗ್ಗೆ ಸಿಕ್ಕಿಬಿದ್ದೆ.

"ಇಲ್ಲೀದು ಹಿಟ್ಟು ಎಲ್ಲಿ ಹೋತು?"

"ಇಲಿ ರೀ, ಕಾಕಾ."

"ಇಲಿಗೆ ಬಳಿ ಇರ್ತಾವೇನು? ಇಲ್ಲೆ ಬಳಿ ಗೀರು ಮೂಡೈತಿ!"

ಒಳಗಿನಿಂದ ಅತ್ತೆ ಕೂಗಿದರು: "ಏನ್ ನಡದೈತ್ರಿ ಅಲ್ಲೆ?"

ಕಾಕಾ ನನ್ನ ತುಟಿಗಂಟಿದ ಹಿಟ್ಟು ನೋಡಿದರು. ಸೊಂಟ ಹಿಡಿದಿದ್ದ ಕೈ ನೋಡಿದರು. ಅವರು ಬೆರಳಿನಿಂದ ಮೆಲ್ಲಗೆ ಹಿಟ್ಟು ಸರಿಸಿ ಆ ಖಾಲಿ ಜಾಗವನ್ನು ಮುಚ್ಚಿಬಿಟ್ಟರು.

"ಏನಿಲ್ಲ ವೈನಿ! ಈ ಕಲ್ಲಿನ ಮ್ಯಾಲ ನನಗ ಸಂಶಯ ಬಂದೈತಿ. ಇನ್ನ ನಾನ ಬೀಸಿ ಪರೀಕ್ಷಾ ಮಾಡ್ತೀನಿ. ಈಕಿ ಮುಟ್ಟೂದು ಬ್ಯಾಡ."

"ಗಂಡಸರು ಬೀಸತಾರೇನ್ರಿ? ಓಣಿ ನಕ್ಕೀತು!"

"ನಗಲಿ ಬಿಡ್ರಿ."

ಧೋತರ ಸರಿಮಾಡಿಕೊಂಡು, ಕಾಲು ಚಾಚಿ, ಕಲ್ಲಿನ ಮುಂದೆ ಕುಳಿತೇಬಿಟ್ಟರು. ಅದರ ಗರಗರ ಸದ್ದಿನ ಮರೆಯಲ್ಲಿ, ನನ್ನತ್ತ ತಿರುಗದೆಯೇ, ಮೆಲ್ಲಗೆ ಅಂದರು:

"ಹಸೀದು ಬ್ಯಾಡವಾ. ಹುರದು ತಿನ್ನು. ಇಬ್ಬರಿಗೂ ಚೊಲೋ."