ನಾನು ನಿಂತುಕೊಂಡು ಸತ್ತದ್ದು

ಅಭಿನಯ ನನಗೆ ಹುಟ್ಟಿನಿಂದಲೇ ಬಂದದ್ದು. ಈ ಸಂಗತಿ ಇಡೀ ಕುಬಿಹಾಳದಲ್ಲಿ ನನ್ನೊಬ್ಬನಿಗೆ ಮಾತ್ರ ಗೊತ್ತಿತ್ತು. ಊರಿನ ನಾಟಕಗಳಲ್ಲಿ ನನಗೆ ಸಿಗುತ್ತಿದ್ದದ್ದು ಬಾಗಿಲು ಕಾಯುವ ಭಟನ ಪಾತ್ರ. ಅವನಿಗೆ ಮಾತಿರುತ್ತಿರಲಿಲ್ಲ. ಉಳಿದಂತೆ ನಾನು ಹಿಟ್ಟಿನ ಗಿರಣಿ ನಡೆಸುವವನು. ಹಗಲೆಲ್ಲ ಜೋಳ ಬೀಸಿ ಬೀಸಿ ಹುಬ್ಬು, ಮೀಸೆ, ಕಿವಿಯೊಳಗಿನ ಕೂದಲು ಸಮೇತ ಬೆಳ್ಳಗಾದ ಮನುಷ್ಯ. ಹೀಗಿರುವಾಗ ನಮ್ಮೂರಿಗೆ ಇಂಗ್ಲಿಷ್ ಸಿನಿಮಾದವರು ಬಂದರೆ ಅವರ ಕಣ್ಣು ಯಾರ ಮೇಲೆ ಬೀಳಬೇಕು, ನೀವೇ ಹೇಳಿ!

ಅವರು ಬಂದದ್ದು ಕೌಬಾಯ್ ಸಿನಿಮಾ ತೆಗೆಯಲು. ಅಂದರೆ ದೊಡ್ಡ ಟೊಪ್ಪಿಗೆಯ ಬಿಳಿಯರು ಕುದುರೆ ಹತ್ತಿ ಬಂದು, ನಮಸ್ಕಾರಕ್ಕೂ ಮೊದಲು ಪಿಸ್ತೂಲು ಹಾರಿಸುವಂಥ ಸಿನಿಮಾ. ಸುಗ್ಗಿ ಮುಗಿದ ಮೇಲೆ ನಮ್ಮ ಎರೆಹೊಲಗಳಲ್ಲಿ ಕಣ್ಣು ಹಾಯಿಸಿದಷ್ಟು ದೂರ ಒಂದು ಗಿಡವೂ ಅಡ್ಡ ಬರುವುದಿಲ್ಲ. ನೆಲ ಬಾಯಿ ಬಿಟ್ಟುಕೊಂಡು ಬಿದ್ದಿರುತ್ತದೆ. ಇಂಥ ಬರಡು ಭೂಮಿಗಾಗಿ ಸಾಹೇಬರು ದೇಶದೇಶ ಸುತ್ತಿದರಂತೆ. ಇಷ್ಟು ಜೋಳ ಬೆಳೆಯುವ ಹೊಲವನ್ನು ಬರಡು ಅಂದದ್ದಕ್ಕೆ ಊರವರು ಸಿಟ್ಟಾಗಬೇಕಿತ್ತು. ಆದರೆ ಅಷ್ಟರಲ್ಲಿ ಕುದುರೆಗಳು ಬಂದಿಳಿದವು, ಎಲ್ಲರೂ ಸಿಟ್ಟು ಬಿಟ್ಟು ಕುದುರೆ ನೋಡಲು ಓಡಿದರು.

ಹೊಲದ ನಡುವೆ ಹಲಗೆಯ ಬೀದಿಯೊಂದು ಎದ್ದಿತು. ಮುಂದಿನಿಂದ ನೋಡಿದರೆ ಅಂಗಡಿ, ಸಾರಾಯಿ ಅಂಗಡಿ, ಜೈಲು. ಬಾಗಿಲು ತೆಗೆದು ಒಳಗೆ ಹೋದರೆ ಮತ್ತೆ ಹೊಲ! ಮಧ್ಯಾಹ್ನದ ಗಾಳಿಗೆ ಆ ಬಾಗಿಲುಗಳು ತಾವೇ ತೆರೆದು ತಾವೇ ಮುಚ್ಚಿಕೊಳ್ಳುತ್ತಿದ್ದವು, ಯಾರೋ ಒಳಗೆ ಹೋಗಿ ಹೊರಗೆ ಬರದೇ ಉಳಿದಂತೆ. ನಮ್ಮ ನಾಯಿಗಳು ಆ ಬೀದಿಯ ಬಾಯಿಯವರೆಗೆ ಹೋಗಿ, ಮೂಸಿ, ಬಾಲ ಮಡಚಿಕೊಂಡು ತಿರುಗಿ ಬರುತ್ತಿದ್ದವು. ಮನುಷ್ಯರಿಗೆ ಅಷ್ಟು ಬುದ್ಧಿ ಎಲ್ಲಿಯದು? ಕುಂದಗೋಳದಿಂದ ಟೆಂಪೊ, ಸುತ್ತಲಿನ ಹಳ್ಳಿಗಳಿಂದ ಟ್ರ್ಯಾಕ್ಟರ್ ತುಂಬಿ ತುಂಬಿ ಬಂದರು. ಮಂಡಕ್ಕಿ ಗಿರಮಿಟ್ ಮಾರುವ ಗಾಡಿಗಳು ಸಾಲುಗಟ್ಟಿದವು.

ಒಂದು ದಿನ ಡೈರೆಕ್ಟರ್ ಸಾಹೇಬ ಊರೊಳಗೆ ಮುಖಗಳನ್ನು ಹುಡುಕುತ್ತ ಬಂದ. ಅದೇ ಹೊತ್ತಿಗೆ ನಾನು ಗಿರಣಿಯಿಂದ ಹೊರಬಂದೆ. ಸಾಹೇಬ ನನ್ನನ್ನು ನೋಡಿದವನೇ ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ಮುಖವರಳಿಸಿ ಏನೋ ಕೂಗಿದ. ಅವನ ಜೊತೆಗಿದ್ದ ಬೆಂಗಳೂರಿನ ಹುಡುಗಿ ಕನ್ನಡದಲ್ಲಿ ಹೇಳಿದಳು:

"ಡೈರೆಕ್ಟರ್‌ಗೆ ನೀವು ತುಂಬಾ ಇಷ್ಟ ಆಗಿದ್ದೀರ ಸರ್. ಮೇಕಪ್ಪೇ ಬೇಡ ಅಂತಿದ್ದಾರೆ."

"ಯಾವ ಪಾರ್ಟ್ ರೀ ಮೇಡಂ?"

"ಹೆಣ, ಸರ್."

ನನ್ನ ಹೆಂಡತಿ ಸುವರ್ಣಾ ಎದುರಿನ ನಮ್ಮ ಮನೆಯೊಳಗಿನಿಂದಲೇ ಕೇಳಿಸಿಕೊಂಡಿದ್ದಳು. "ಜನ್ಮದಾಗ ಒಂದ ಪಾರ್ಟು ಸಿಕ್ಕತು, ಅದೂ ಸತ್ತಾಂವಂದ?" ಅಂದಳು. ಕಲೆಯ ಸೂಕ್ಷ್ಮ ಅವಳಿಗೆಲ್ಲಿ ತಿಳಿಯಬೇಕು! ಹೆಣವಿಲ್ಲದೆ ಕೊಲೆಯಿಲ್ಲ, ಕೊಲೆಯಿಲ್ಲದೆ ಕತೆಯಿಲ್ಲ, ಆದ್ದರಿಂದ ಕಥಾನಾಯಕ ನಾನೇ ಎಂದು ಅವಳಿಗೆ ವಿವರಿಸಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

ಚಿತ್ರೀಕರಣದ ದಿನ ಮಟಮಟ ಮಧ್ಯಾಹ್ನ ನನಗೊಂದು ಹರಿದ ಕೋಟು ಹಾಕಿಸಿ, ಉದ್ದನೆಯ ಮರದ ಪೆಟ್ಟಿಗೆಯ ಮುಂದೆ ನಿಲ್ಲಿಸಿದರು. "ಸರ್, ಹೆಣ ಆಗಿ," ಅಂದಳು ಹುಡುಗಿ. ನಾನು ತಕ್ಷಣ ಪೆಟ್ಟಿಗೆಯೊಳಗೆ ಕಾಲು ಮಡಚಿ ಪದ್ಮಾಸನ ಹಾಕಿ, ಬೆನ್ನು ನೇರ ಮಾಡಿ, ಕಣ್ಣು ಮುಚ್ಚಿ ಕುಳಿತುಬಿಟ್ಟೆ. ನಮ್ಮ ಮನೆತನದಲ್ಲಿ ಸತ್ತವರೆಲ್ಲ ಹೀಗೇ ಕುಳಿತಿದ್ದಾರೆ, ಹೀಗೇ ಮಣ್ಣಿಗೆ ಹೋಗಿದ್ದಾರೆ. ನೆರೆದ ಊರವರು ಮೆಚ್ಚಿ ತಲೆಯಾಡಿಸಿದರು. ಸಾಹೇಬನೊಬ್ಬ ತಲೆಯ ಮೇಲೆ ಕೈಹೊತ್ತ.

"ಅಯ್ಯೋ, ಕೂತ್ಕೋಬಾರದು ಸರ್, ಸತ್ತಿದ್ದೀರ!"

"ಸತ್ತದ್ದಕ್ಕ ಕುಂತೇನ್ರಿ ಮೇಡಂ. ಬದುಕಿದ್ರ ಮಲಗತಿದ್ದೆ."

ಕಡೆಗೆ ನನ್ನನ್ನು ಉದ್ದಕ್ಕೆ ಮಲಗಿಸಿದರು. ಅಷ್ಟಕ್ಕೇ ಬಿಟ್ಟರೇ? ಕೌಬಾಯ್‌ಗಳ ಕಾಲದಲ್ಲಿ ಅವರ ಕಡೆ ಗುಂಡು ತಿಂದು ಸತ್ತ ಕಳ್ಳರನ್ನು ಪೆಟ್ಟಿಗೆ ಸಮೇತ ಎತ್ತಿ, ಊರವರೆಲ್ಲ ನೋಡಲಿ ಎಂದು ಅಂಗಡಿಯ ಗೋಡೆಗೆ ಆನಿಸಿ ನಿಲ್ಲಿಸುತ್ತಿದ್ದರಂತೆ. ನನ್ನನ್ನೂ ಹಾಗೆಯೇ ನಿಲ್ಲಿಸಿದರು. ಜನರಲ್ಲಿ ಒಮ್ಮೆ ಗುಜುಗುಜು ಎದ್ದು, ತಾನಾಗಿ ಅಡಗಿತು. ಕುಳಿತ ಹೆಣ ನೋಡಿದವರು ಅವರು. ಮಲಗಿದ ಹೆಣವನ್ನೂ ನೋಡಿದವರು. ನಿಂತು ತಮ್ಮ ಕಡೆಗೇ ಮುಖ ಮಾಡಿದ ಹೆಣವನ್ನು ಯಾರೂ ನೋಡಿರಲಿಲ್ಲ.

ಹೆಣವಾಗುವುದು ಸುಲಭ, ಹೆಣವಾಗಿ ಉಳಿಯುವುದು ಕಷ್ಟ. ಕಣ್ಣು ಮುಚ್ಚಿದ ಮೇಲೆ ಕಿವಿ ಚುರುಕಾಯಿತು. ಪಕ್ಕದಲ್ಲೇ ಯಾರೋ ಮೆಲ್ಲಗೆ ಅಂದರು: "ಪಾಪ, ಛಲೋ ಮನಷ್ಯಾ ಇದ್ದ." ಇನ್ನೊಂದು ದನಿ: "ಹಿಟ್ಟಿನಾಗ ಒಂಚೂರು ಕೈ ಆಡಸತಿದ್ದ ಬಿಡು." ಇದ್ದ! ಆಡಸತಿದ್ದ! ನಾನು ಅಲ್ಲಿಯೇ ಉಸಿರಾಡುತ್ತ ನಿಂತಿರುವಾಗ ನನ್ನ ಮುಂದೆಯೇ ನಾನು ಆಗಿಹೋದವನಾಗಿದ್ದೆ.

ಆಮೇಲೆ ಎಲ್ಲ ಸದ್ದೂ ನಿಂತಿತು. ಕುದುರೆಗಳೂ ಸುಮ್ಮನಾದವು. ಹಲಗೆಯ ಬಾಗಿಲೊಂದು ಕಿರ್ರೆಂದು ತೆರೆದುಕೊಂಡಿತು. ಪೆಟ್ಟಿಗೆಯ ಮೇಲಂಚಿನಲ್ಲಿ ಏನೋ ಬಂದು ಕುಳಿತ ಸದ್ದು. ಉಗುರುಗಳ ಸದ್ದು. ಮರುಗಳಿಗೆ ನನ್ನ ತಲೆಯ ಮೇಲೆ ಭಾರ ಬಿತ್ತು, ಕೂದಲೊಳಗೆ ಕೊಕ್ಕು ಇಳಿಯಿತು. ಕಾಗೆ!

ಗಿರಣಿಯಿಂದ ನೇರ ಬಂದಿದ್ದೆನಲ್ಲ, ತಲೆ ತುಂಬ ಜೋಳದ ನುಚ್ಚು. ಅದು ಆರಾಮಾಗಿ ಆರಿಸಿ ಆರಿಸಿ ತಿಂದಿತು. ನಾನು ಅಲುಗಾಡಲಿಲ್ಲ. ಕಲೆಗಾಗಿ ಅಂತ ಹೇಳಬಹುದು, ಆದರೆ ನಿಜವಾಗಿ ಭಯದಿಂದ ಕೈಕಾಲು ಸತ್ತುಹೋಗಿದ್ದವು. ಕಾಗೆ ಹಾರಿದ ಮೇಲೆ ಸಾಹೇಬ ಓಡಿ ಬಂದು ನನ್ನನ್ನು ಅಪ್ಪಿಕೊಂಡ. ಇಂಥ ದೃಶ್ಯ ದುಡ್ಡು ಕೊಟ್ಟರೂ ಸಿಗುವುದಿಲ್ಲವಂತೆ. ನಾನು ಊರವರ ಕಡೆ ನೋಡಿದೆ. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ.

ಅಂದು ಸಂಜೆ ನಮ್ಮ ಕಟ್ಟೆಯ ಮೇಲೆ ಊರ ಹಿರಿಯ ರುದ್ರಪ್ಪಜ್ಜನ ಅಧ್ಯಕ್ಷತೆಯಲ್ಲಿ ಗಂಭೀರ ಚರ್ಚೆ ನಡೆಯಿತು. ಸತ್ತವರಿಗಿಟ್ಟ ಎಡೆಯನ್ನು ಕಾಗೆ ಮುಟ್ಟಿದರೆ ಒಳ್ಳೆಯದು. ಬದುಕಿದವರ ತಲೆಯನ್ನು ಮುಟ್ಟಿದರೆ ಸಾವಿನ ದೋಷ. ಇಷ್ಟು ಎಲ್ಲರಿಗೂ ಗೊತ್ತಿದ್ದದ್ದೇ.

"ಈಗ ನೀ ಹೇಳು ಚನ್ನಪ್ಪಾ," ಅಂದ ಅಜ್ಜ. "ಕಾಗಿ ಮುಟ್ಟಿದಾಗ ನೀ ಬದುಕಿದ್ಯೋ, ಸತ್ತಿದ್ಯೋ?"

"ಸಿನಿಮಾದಾಗ ಸತ್ತಿದ್ನಿ. ಒಳಗ ಬದುಕಿದ್ನಿ."

"ಕಾಗಿ ಸಿನಿಮಾ ನೋಡಾಕ ಬಂದಿತ್ತೇನು?"

"ನುಚ್ಚಿಗೆ ಬಂದಿತ್ತು ಅಜ್ಜಾ!"

"ಯಾಕ ಬಂತು ಅನ್ನೂದು ಬ್ಯಾಡ. ಮುಟ್ಟಿತೋ ಇಲ್ಲೋ?"

ಮುಟ್ಟಿತ್ತು. ಪರಿಹಾರ ಊರಿಗೆಲ್ಲ ತಿಳಿದದ್ದೇ: ಕಾಗೆ ಮುಟ್ಟಿದವನು ಸತ್ತನೆಂದು ಬಂಧುಗಳಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ಕೇಳಿ ಅತ್ತರೆ ಸಾವು ಅಷ್ಟಕ್ಕೇ ತೃಪ್ತಿಪಟ್ಟು ತಿರುಗಿ ಹೋಗುತ್ತದೆ. ಆಮೇಲೆ ನಿಜ ಹೇಳಬಹುದು. "ಅಮಾಸಿ ಒಳಗ ಯಾರರ ಒಬ್ಬರು ಅಳಬೇಕು ನೋಡಪಾ," ಎಂದು ಅಜ್ಜ ಕೋಲೂರಿ ಎದ್ದ. ನಾನು ನಕ್ಕುಬಿಟ್ಟೆ. ಇಷ್ಟು ದೊಡ್ಡ ಬಳಗದಲ್ಲಿ ನನಗಾಗಿ ಒಂದು ಹನಿ ಕಣ್ಣೀರು ಹುಟ್ಟುವುದಿಲ್ಲವೇ?

ಮರುದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಎದ್ದಿತ್ತು. ಊರಿನ ತರುಣರು ಅಭಿಮಾನದಿಂದ ಹಾಕಿಸಿದ್ದು. ಪೆಟ್ಟಿಗೆಯಲ್ಲಿ ನಿಂತ ನನ್ನ ಹೆಣದ ಫೋಟೋ, ಕೆಳಗೆ 'ಹಾರ್ದಿಕ ಅಭಿನಂದನೆಗಳು'. ಪ್ರಿಂಟು ಹಾಕಿದವನು ಫೋಟೋ ನೋಡಿ, ಶ್ರದ್ಧಾಂಜಲಿ ಹಾಕುವ ಅಭ್ಯಾಸಬಲದಿಂದ ಎರಡೂ ಬಾಜು ದೀಪ ಇಟ್ಟಿದ್ದ! ಅದೇ ಫೋಟೋ ಅಷ್ಟು ಹೊತ್ತಿಗೆ ಮೊಬೈಲುಗಳಲ್ಲಿ ಹಾರಿ ಇಡೀ ತಾಲೂಕು ದಾಟಿತ್ತು.

ಬಾಜೂಮನೆಯ ಟೇಲರ್ ಹುಸೇನಸಾಬ ನನ್ನ ಜೀವದ ಗೆಳೆಯ. ಅವನ ದನಿ ಗಂಭೀರ. ಮಿಶ್ರಿಕೋಟಿಯ ನನ್ನ ತಂಗಿ ಶಾಂತಾಗೆ ಅವನ ಕೈಯಿಂದಲೇ ಫೋನು ಮಾಡಿಸಿ, ಸ್ಪೀಕರ್ ಹಾಕಿಸಿ, ಕಿವಿಗೊಟ್ಟು ಕುಳಿತೆ.

"ಶಾಂತಕ್ಕಾ, ಧೈರ್ಯ ತಗೋರಿ. ನಿಮ್ಮ ಅಣ್ಣ ಹ್ವಾದ್ರು."

ಆ ಕಡೆ ನಗು ಸ್ಫೋಟಿಸಿತು. "ನೋಡೀವ್ರಿ ಕಾಕಾ! ನಮ್ಮ ಓಣಿಗೆಲ್ಲಾ ತೋರಿಸೇನಿ. ಅಗದಿ ಖರೇ ಹೆಣಾ ಕಂಡಂಗ ಕಾಣತಾನ!"

ಒಡಹುಟ್ಟಿದವಳು! ಹೋಗಲಿ ಎಂದು ಅಣ್ಣಿಗೇರಿಯ ಸೋದರತ್ತೆಗೆ ಫೋನು ಹಚ್ಚಿಸಿದೆ. ಮೊಬೈಲು ಗಿಬೈಲು ನೋಡದ ಮುದುಕಿ, ನನ್ನನ್ನು ಎತ್ತಿ ಆಡಿಸಿದವಳು. ಸುದ್ದಿ ಕೇಳಿ ಒಮ್ಮೆ ಮೂಗೇರಿಸಿದಳು. ನಾನು ಸ್ಪೀಕರಿಗೆ ಕಿವಿ ಹಚ್ಚಿದೆ. ಆಮೇಲೆ ಅಂದಳು: "ಅಳಬೇಕ್ರೆಪಾ, ಖರೇ. ಆದ್ರ ಕಣ್ಣಿನ ಆಪರೇಶನ್ ಆಗೈತಿ. ಡಾಕ್ಟರು ಅಳಬ್ಯಾಡ ಅಂದಾರ."

ಹುಸೇನಸಾಬನಿಂದ ಆಗುವ ಕೆಲಸವಲ್ಲ ಇದು, ಇದಕ್ಕೆ ನಟನೇ ಬೇಕು ಎಂದು ಅವನ ಫೋನು ಕಸಿದುಕೊಂಡೆ. ಮೊರಬದಲ್ಲಿರುವ ಚಿಕ್ಕಪ್ಪನ ಮಗ ಬಸುವಿಗೆ ಹಚ್ಚಿ ದನಿ ಬದಲಿಸಿ ಹೇಳಿದೆ: "ಕುಬಿಹಾಳದ ಚನ್ನಪ್ಪನಾರು ತೀರಿಕೊಂಡ್ರಿ."

"ಅಯ್ಯ ಶಿವನ! ಯಾವಾಗ್ರಿ?"

ದನಿ ನಡುಗಿತ್ತು! ಇನ್ನೊಂದು ಗಳಿಗೆ, ಅತ್ತೇಬಿಡುತ್ತಾನೆ! "ಈಗ, ಹತ್ತು ನಿಮಿಷ ಆತ್ರಿ."

"ತಾವ್ಯಾರು ಮಾತಾಡೂದು?"

"ನಾನಲೇ, ಚನ್ನಪ್ಪ!"

ಬಸು ಅಂದ: "ಅಣ್ಣಾ, ಅಲ್ಲೆ ನೆಟ್‌ವರ್ಕ್ ಛಲೋ ಐತಿ ಬಿಡು."

ಹುಸೇನಸಾಬ ತನ್ನ ಫೋನು ಒರೆಸಿಕೊಂಡು ಜೇಬಿಗಿಟ್ಟ. "ದೋಸ್ತ್, ಸಾಯಾಕೂ ನಸೀಬ ಬೇಕು," ಅಂದ.

ಅಲ್ಲಿಂದ ನನಗೆ ನಗು ಬರಲಿಲ್ಲ. ಗಿರಣಿಯ ತಗಡಿನ ಮೇಲೆ ದಿನವೂ ಒಂದು ಕಾಗೆ ಬಂದು ಕೂಡತೊಡಗಿತು. ಅದೇ ಕಾಗೆಯೋ ಬೇರೆಯದೋ, ಕಾಗೆಗಳಿಗೆ ಗುರುತು ಎಲ್ಲಿಯದು? ಕೂಗುತ್ತಿರಲಿಲ್ಲ. ತಗಡಿನ ಮೇಲೆ ಅತ್ತಿಂದಿತ್ತ ನಡೆಯುತ್ತಿತ್ತು, ನಾನು ಒಳಗೆ ಎಲ್ಲಿ ನಿಂತರೆ ಅದರ ಉಗುರಿನ ಸದ್ದು ಸರಿಯಾಗಿ ತಲೆಯ ಮೇಲೆ ಬಂದು ನಿಲ್ಲುತ್ತಿತ್ತು. ಸಿನಿಮಾದವರು ಹಲಗೆಯ ಬೀದಿಯನ್ನು ಹಾಗೇ ಬಿಟ್ಟು ಹೊರಟುಹೋಗಿದ್ದರು. ಗಾಳಿ ಎದ್ದಾಗ ಆ ಬಾಗಿಲುಗಳ ಕಿರ್ರ್ ಊರೊಳಗೂ ಕೇಳುತ್ತಿತ್ತು. ಜೋಳ ತಂದವರು ಪುಟ್ಟಿ ಇಟ್ಟು ನನ್ನ ಮುಖ ನೋಡದೆ ಹೋಗುತ್ತಿದ್ದರು. ನನಗೆ ಅನ್ನ ಸೇರದಾಯಿತು. ನಾನು ಸಾಯುತ್ತೇನೆ ಎಂಬ ಭಯ ಒಂದು ಕಡೆ. ಸತ್ತರೆ ಯಾರಿಗೂ ಅಳು ಬರುವುದಿಲ್ಲ ಎಂಬ ದುಃಖ ಅದಕ್ಕಿಂತ ಹೆಚ್ಚಾಗಿತ್ತು.

ಅಮಾವಾಸ್ಯೆ ಬಂತು. ಮಧ್ಯಾಹ್ನ ಗಿರಣಿಯಲ್ಲಿ ಪುಟ್ಟಿ ಎತ್ತಲು ಬಾಗಿದ್ದೇ ನೆನಪು. ಕಣ್ಣು ಕತ್ತಲಿಟ್ಟಿತು, ನೆಲ ಮೇಲೆ ಬಂತು. ಬಿದ್ದಿದ್ದೇನೆ ಎಂದು ತಿಳಿಯುತ್ತಿತ್ತು, ಎಲ್ಲ ಕೇಳುತ್ತಿತ್ತು. ಆದರೆ ನಾಲಿಗೆ ಏಳುತ್ತಿರಲಿಲ್ಲ, ಬೆರಳು ಅಲುಗುತ್ತಿರಲಿಲ್ಲ. ತಗಡಿನ ಮೇಲೆ ಉಗುರಿನ ಸದ್ದು ನಿಂತಿತು.

ಹಿಟ್ಟಿಗೆ ಬಂದವರು ಬಾಗಿಲಲ್ಲಿ ನೆರೆದರು. ಉಳಿದೆ ಅಂದುಕೊಂಡೆ.

"ಮತ್ತ ಶೂಟಿಂಗ್ ಚಾಲೂ ಆತೇನೋ?"

"ಕ್ಯಾಮೆರಾ ಎಲ್ಲಿ ಇಟ್ಟಾರ?"

ತೊಲೆಯ ಸಂದಿಯಲ್ಲಿ, ಜೋಳದ ಚೀಲದ ಹಿಂದೆ ಕ್ಯಾಮೆರಾ ಹುಡುಕಿದರು. ಯಾರೋ ಕೂದಲು ಸರಿಮಾಡಿಕೊಂಡರು. ಯಾರೋ ನನ್ನ ಪಕ್ಕದಲ್ಲಿ ಕುಳಿತು ಫೋಟೋ ತೆಗೆಸಿಕೊಂಡರು. ಒಬ್ಬ ಬಗ್ಗಿ ನನ್ನ ಮುಖ ನೋಡಿ, "ಆವತ್ತಿಗಿಂತ ಇವತ್ತ ಛಲೋ ಮಾಡಾಕತ್ತಾನ," ಅಂದ. ನಾನು ನನ್ನ ಊರವರ ನಡುವೆ, ನನ್ನದೇ ಗಿರಣಿಯಲ್ಲಿ, ಎಲ್ಲರ ಮೆಚ್ಚುಗೆಗೆ ಪಾತ್ರನಾಗಿ ಸಾಯುತ್ತಿದ್ದೆ!

ಅಷ್ಟರಲ್ಲಿ ಸುವರ್ಣಾ ಬುತ್ತಿ ತಂದಳು. "ಏಳ್ರಿ, ಸಾಕ ನಿಮ್ಮ ನಾಟಕ, ರೊಟ್ಟಿ ಆರತಾವು," ಎಂದು ಭುಜ ಅಲುಗಿಸಿದಳು. ನನ್ನ ಕೈ ಮುಟ್ಟಿದಳು, ತಣ್ಣಗಿತ್ತು. ಅವಳ ದನಿ ಬದಲಾಯಿತು. "ರೀ... ರೀ! ಯಾರರ ಬರ್ರಿ, ಎತ್ರಿ ಇವರನ್ನ!" ಎಂದು ಬಾಯಿ ಬಡಿದುಕೊಂಡು ಗೋಳೋ ಎಂದು ಅಳತೊಡಗಿದಳು. ಜನ ಮೈಮರೆತು ನೋಡಿದರು.

"ಸುವರ್ಣಕ್ಕನ ಪಾರ್ಟು ಇನ್ನೂ ಛಲೋ!" ಎಂದು ಚಪ್ಪಾಳೆ ತಟ್ಟಿದರು.

ಕಡೆಗೆ ಅವಳೊಬ್ಬಳೇ ನನ್ನ ತಲೆ ತೊಡೆಯ ಮೇಲೆ ಎಳೆದುಕೊಂಡು, ಬುತ್ತಿಯ ಜೊತೆಗಿದ್ದ ಮಜ್ಜಿಗೆಯನ್ನೆಲ್ಲ ಮುಖಕ್ಕೆ ಸುರಿದಳು. ಉಪವಾಸಕ್ಕೂ ಸೆಖೆಗೂ ಬಿದ್ದವನು ಕಣ್ಣು ಬಿಟ್ಟೆ. ಹಿಟ್ಟು, ಮಜ್ಜಿಗೆ, ಕಣ್ಣೀರು ಎಲ್ಲ ಸೇರಿ ಮುಖ ಅಂಟಂಟಾಗಿತ್ತು. ಆದರೆ ನನ್ನ ಸಂತೋಷಕ್ಕೆ ಪಾರವಿರಲಿಲ್ಲ.

"ಅತ್ತಿ! ಸುವರ್ಣಾ, ನೀ ನನಗಂತ ಅತ್ತಿ! ದೋಷ ಹೋತು!"

"ನಿಮಗಂತ ಯಾರ ಅತ್ತಾರು?" ಅವಳು ಮೂಗು ಒರೆಸಿಕೊಂಡಳು. "ನೀವು ಖರೇನ ಹ್ವಾದ್ರೂ ಈ ಊರಾಗ ಒಬ್ಬರೂ ನಂಬೂದಿಲ್ಲ. ಚಪ್ಪಾಳಿ ಹೊಡದು ಮನಿಗೆ ಹೊಕ್ಕಾರ. ನಿಮ್ಮನ್ನ ಹೊರಾಕ ನಾಲ್ಕ ಮಂದೀನ್ನ ಎಲ್ಲಿಂದ ತರ್ಲಿ, ನಾ ಒಬ್ಬಾಕಿ ಏನ ಮಾಡ್ಲಿ ಅಂತ ಅಳು ಬಂತು!"

ಅಳು ಯಾವುದಕ್ಕಾದರೂ ಸರಿ, ಕಣ್ಣೀರು ಬಿದ್ದರೆ ಆಯಿತು ಎಂದು ರುದ್ರಪ್ಪಜ್ಜ ತೀರ್ಪು ಕೊಟ್ಟ. ನಾನು ಬದುಕಿದೆ. ಆದರೆ ಅವಳ ಆ ನಾಲ್ಕು ಮಂದಿಯ ಮಾತು ಮಾತ್ರ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಯೋಚಿಸಿ ಯೋಚಿಸಿ, ಊರಿನಲ್ಲಿ ಮೈಕಟ್ಟು ಗಟ್ಟಿಯಿರುವ ನಾಲ್ವರನ್ನು ಆರಿಸಿದೆ. ಈಗ ಅವರ ಜೋಳವನ್ನು ಪಾಳಿ ತಪ್ಪಿಸಿ ಮೊದಲು ಬೀಸುತ್ತೇನೆ, ನಯವಾಗಿ ಬೀಸುತ್ತೇನೆ, ಹಿಟ್ಟಿನಲ್ಲಿ ಕೈಯಾಡಿಸುವುದಿಲ್ಲ.

ಮೊನ್ನೆ ಅವರಲ್ಲೊಬ್ಬ ಕಣ್ಣಲ್ಲಿ ನೀರು ತಂದುಕೊಂಡು ಕೇಳಿದ: "ಚನ್ನಪ್ಪಣ್ಣಾ, ನನ್ನ ಮ್ಯಾಲ ಯಾಕೋ ಇಷ್ಟ ಪ್ರೀತಿ ನಿನಗ?"

ನಾನು ಅವನ ಹೆಗಲ ಮೇಲೆ ಕೈಯಿಟ್ಟು ಒಮ್ಮೆ ಗಟ್ಟಿಯಾಗಿ ಒತ್ತಿ ನೋಡಿದೆ. ಪರವಾಗಿಲ್ಲ, ಭಾರ ತಡೆಯುತ್ತದೆ!